ಕತ್ತಿವರಸೆಯ ವಿಡಿಯೋ ಗೇಮ್‌ಗಳಲ್ಲಿ ನೈಜತೆ ಮತ್ತು ಮೋಜು: ಒಂದು ಅಧ್ಯಯನ ಟಿಪ್ಪಣಿ

2012ರಲ್ಲಿ ಅಮೆರಿಕದ ಕಾದಂಬರಿಕಾರ ನೀಲ್ ಸ್ಟೀಫನ್‌ಸನ್ ಮತ್ತು ಅವರ ತಂಡದವರು ‘ಕ್ಲ್ಯಾಂಗ್’ ಎಂಬ ಕತ್ತಿವರಸೆಯ ಗೇಮ್‌ಗಾಗಿ ಜನರಿಂದ ಹಣ ಸಂಗ್ರಹಿಸುವ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಐದು ಲಕ್ಷ ಡಾಲರ್‌ಗೂ ಮೀರಿದ ಹಣವನ್ನು ಕೂಡಿಸಿದರು. ಬಟನ್ ಒತ್ತಿದರೆ ಕತ್ತಿ ತಾನಾಗಿ ಬೀಸಿಕೊಳ್ಳುವ ಪದ್ಧತಿಯನ್ನು ಬಿಟ್ಟು, ಆಟಗಾರನ ಕೈಯಲ್ಲಿರುವ ಕಂಟ್ರೋಲರ್ ಹೇಗೆ ತಿರುಗುತ್ತದೆಯೋ ಪರದೆಯ ಮೇಲಿನ ಕತ್ತಿಯೂ ಹಾಗೆಯೇ ತಿರುಗಬೇಕು ಎಂಬುದು ಅವರ ಉದ್ದೇಶವಾಗಿತ್ತು. 2014ರಲ್ಲಿ ಯೋಜನೆ ಮುಚ್ಚಿತು. ತಾವು ಕಟ್ಟಿದ ಮಾದರಿಯು ತಾಂತ್ರಿಕವಾಗಿ ಹೊಸದಾಗಿತ್ತಾದರೂ ಆಡಲು ಅಷ್ಟೇನೂ ಮಜವಾಗಿರಲಿಲ್ಲ ಎಂದು ಸ್ಟೀಫನ್‌ಸನ್ ಅವರೇ ಹೇಳಿಕೊಂಡರು.

ನೈಜತೆ ಹೆಚ್ಚಿದಷ್ಟೂ ಮೋಜು ಕಡಿಮೆಯಾಗುತ್ತದೆ ಎಂಬ ಮಾತಿಗೆ ಈ ಪ್ರಸಂಗವನ್ನು ಸಾಕ್ಷಿಯಾಗಿ ತೋರಿಸುವುದು ಸುಲಭ. ಆದರೆ ಅಂಥ ಕಂಟ್ರೋಲರ್ ಹಿಡಿದು ಆಡುವಾಗ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ನಿಜವಾದ ಎರಡು ಕತ್ತಿಗಳು ಒಂದಕ್ಕೊಂದು ತಾಗಿದಾಗ ಕೈಯೂ ನಿಲ್ಲುತ್ತದೆ. ಪರದೆಯ ಮೇಲಿನ ಕತ್ತಿಗಳು ತಾಗಿದಾಗ ಚಿತ್ರದಲ್ಲಿರುವ ಕತ್ತಿ ಮಾತ್ರ ನಿಲ್ಲುತ್ತದೆ. ಆಟಗಾರನ ಕೈಯನ್ನು ತಡೆಯುವ ವಸ್ತುವೇ ಇಲ್ಲದ್ದರಿಂದ ಅದು ಗಾಳಿಯಲ್ಲಿ ಮುಂದಕ್ಕೆ ಹೋಗಿಬಿಡುತ್ತದೆ, ಮತ್ತು ಆ ಕ್ಷಣದಿಂದ ಕೈಗೂ ಕತ್ತಿಗೂ ಸಂಬಂಧ ತಪ್ಪುತ್ತದೆ. ಚಲನೆಯನ್ನು ಯಥಾವತ್ತಾಗಿ ನಕಲಿಸಿದರೂ ಸ್ಪರ್ಶವನ್ನು ನಕಲಿಸಲಾಗುವುದಿಲ್ಲ ಎಂಬುದೇ ಇಲ್ಲಿನ ಮೂಲ ತೊಡಕು. 2018ರಲ್ಲಿ ಬಂದ ‘ಬೀಟ್ ಸೇಬರ್’ ಎಂಬ ವರ್ಚುವಲ್ ರಿಯಾಲಿಟಿ ಗೇಮ್ ಈ ತೊಡಕಿನ ಪಕ್ಕದಿಂದಲೇ ನುಸುಳಿಕೊಂಡಿತು. ಅದರಲ್ಲಿ ಬೆಳಕಿನ ಕತ್ತಿಗಳು ಘನಾಕೃತಿಗಳನ್ನು ಸೀಳಿಕೊಂಡು ಆಚೆಗೆ ಹೋಗುತ್ತವೆ, ಎದುರಿನಿಂದ ತಡೆ ಇಲ್ಲ, ಆದ್ದರಿಂದ ಕೈಗೂ ಕಣ್ಣಿಗೂ ಜಗಳವಿಲ್ಲ. ಅದು ಕತ್ತಿವರಸೆಯಲ್ಲ ಎನ್ನುವುದು ಬೇರೆ ಮಾತು.

ಈ ಟಿಪ್ಪಣಿಯಲ್ಲಿ ನಾನು ಹಿಡಿದಿರುವ ಎಳೆ ಇದು: ಕತ್ತಿ ಹಿಡಿದವನಿಗೆ ಯಾವ ಮಾಹಿತಿ ಸಿಗುತ್ತದೆ, ಆ ಮಾಹಿತಿಯಿಂದ ಅವನು ಏನನ್ನು ತೀರ್ಮಾನಿಸುತ್ತಾನೆ ಎಂಬುದು ಗೇಮ್‌ನಲ್ಲಿ ಉಳಿದುಕೊಂಡಿದ್ದರೆ, ಮಿಕ್ಕ ವಿಷಯಗಳಲ್ಲಿ ಎಷ್ಟು ಸುಳ್ಳು ಹೇಳಿದರೂ ಆಟ ಕತ್ತಿವರಸೆಗೆ ಹತ್ತಿರವಾಗಿಯೂ ಮೋಜಾಗಿಯೂ ಇರುತ್ತದೆ.

ಮೊದಲು ಸಮಯದ ಲೆಕ್ಕವನ್ನು ನೋಡೋಣ. ಕಣ್ಣಿಗೆ ಕಂಡ ಒಂದು ಸೂಚನೆಗೆ ಬೆರಳಿನಿಂದ ಉತ್ತರಿಸಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕಾಗುತ್ತದೆ, ಅದೂ ಯಾವ ಸೂಚನೆ ಬರುತ್ತದೆ, ಯಾವ ಬಟನ್ ಒತ್ತಬೇಕು ಎಂಬುದು ಮೊದಲೇ ಗೊತ್ತಿದ್ದಾಗ. ಎಡವೋ ಬಲವೋ ಎಂದು ಆರಿಸಬೇಕಾಗಿ ಬಂದರೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 60 ಫ್ರೇಮ್ (ಬಿಡಿಚಿತ್ರ) ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್, ಹಾಗಾಗಿ 250 ಮಿಲಿಸೆಕೆಂಡ್ ಎಂದರೆ 15 ಫ್ರೇಮ್. ಕಂಟ್ರೋಲರ್ ಮತ್ತು ಟಿವಿ ಸೇರಿ ತರುವ ವಿಳಂಬವನ್ನೂ ಇದಕ್ಕೆ ಕೂಡಿಸಬೇಕು. ಎದುರಾಳಿಯ ಏಟು 12 ಫ್ರೇಮ್‌ಗಳಲ್ಲಿ ಬಂದು ತಾಗುವುದಾದರೆ ಅದನ್ನು ಕಂಡು ತಡೆಯುವುದು ಯಾರಿಂದಲೂ ಆಗದು. ಮುಂಚಿತವಾಗಿ ಊಹಿಸಿಯೇ ತಡೆಯಬೇಕು.

ನಿಜವಾದ ಕತ್ತಿಯ ಇರಿತವೂ ಹತ್ತಿರದಿಂದ ಬಂದರೆ ಹೀಗೆಯೇ, ಕಂಡು ತಡೆಯಲಾಗದಷ್ಟು ವೇಗವಾಗಿರುತ್ತದೆ. ನಿಜವಾದ ಹೋರಾಟಗಾರ ಇದಕ್ಕೆ ಅಂತರದಿಂದ ಪರಿಹಾರ ಹುಡುಕುತ್ತಾನೆ. ಎದುರಾಳಿ ಒಂದು ಹೆಜ್ಜೆ ಮುಂದಿಡದೆ ತನ್ನನ್ನು ಮುಟ್ಟಲಾಗದಷ್ಟು ದೂರದಲ್ಲಿ ನಿಂತು, ಆ ಹೆಜ್ಜೆಯನ್ನೇ ಸೂಚನೆಯಾಗಿ ಓದುತ್ತಾನೆ. ಹಲವು ಗೇಮ್‌ಗಳಲ್ಲಿ ಕ್ಯಾಮೆರಾ ಬೆನ್ನ ಹಿಂದೆ ಇರುತ್ತದೆ, ಅಂತರದ ಅಂದಾಜು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ವಿನ್ಯಾಸಕರು ಶತ್ರುವಿನ ಕತ್ತಿಯನ್ನು ತಲೆಯ ಮೇಲಕ್ಕೆ ಎತ್ತಿಸಿ ಅರ್ಧ ಸೆಕೆಂಡೋ ಒಂದು ಸೆಕೆಂಡೋ ನಿಲ್ಲಿಸುತ್ತಾರೆ. ನಿಜವಾದ ಕಾಳಗದಲ್ಲಿ ಹಾಗೆ ಕತ್ತಿ ಎತ್ತಿ ಎದೆ ತೆರೆದು ನಿಂತವನು ಉಳಿಯಲಾರ. ಆದರೂ ಆ ಉತ್ಪ್ರೇಕ್ಷೆ ನಿಜವಾದ ಹೆಜ್ಜೆ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ, ಅಂದರೆ ಏಟು ಬರುವುದಕ್ಕೆ ಮುಂಚೆ ಓದಲು ಏನನ್ನಾದರೂ ಕೊಡುತ್ತದೆ.

ಈ ಸೂಚನೆಯನ್ನು ವಿಪರೀತ ಉದಾರವಾಗಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಯುಬಿಸಾಫ್ಟ್‌ನ ‘ಫಾರ್ ಆನರ್’ (2017) ಒಳ್ಳೆಯ ಪಾಠ. ಎಡ, ಬಲ, ಮೇಲೆ ಎಂಬ ಮೂರು ದಿಕ್ಕುಗಳಲ್ಲಿ ಕಾವಲು ಹಿಡಿಯುವ ಈ ಗೇಮ್‌ನಲ್ಲಿ, ಏಟು ಬರುವ ದಿಕ್ಕನ್ನು ಪರದೆಯೇ ಗುರುತಿಟ್ಟು ತೋರಿಸುತ್ತದೆ. ಪಳಗಿದ ಆಟಗಾರರು ಆ ಗುರುತನ್ನೇ ನೋಡಿ ತಡೆಯಲು ಕಲಿತುಕೊಂಡಾಗ, ಮೊದಲು ಏಟು ಹಾಕಿದವನಿಗೇ ನಷ್ಟ ಎಂಬ ಸ್ಥಿತಿ ಬಂದು, ಇಬ್ಬರೂ ಕಾದು ನಿಲ್ಲುವ ಪಂದ್ಯಗಳು ಹೆಚ್ಚಾದವು. 2020ರ ಕೊನೆಯಲ್ಲಿ ಬಂದ ಪರಿಷ್ಕರಣೆಯಲ್ಲಿ ಏಟಿನ ಆರಂಭದ 100 ಮಿಲಿಸೆಕೆಂಡ್‌ಗಳ ಕಾಲ ಆ ಗುರುತು ಕಾಣದಂತೆ ಮಾಡಲಾಯಿತು. ಆಟಗಾರನಿಗೆ ಸಿಗುವ ಮಾಹಿತಿಯನ್ನೇ ಮುಟ್ಟಿದ ಈ ತಿದ್ದುಪಡಿ, ವಿನ್ಯಾಸ ಕಲಿಯುವವರು ವಿವರವಾಗಿ ಬಿಡಿಸಿ ನೋಡಬೇಕಾದದ್ದು.

ಕಾದು ನಿಲ್ಲುವ ಈ ರೋಗ ನೈಜತೆಯನ್ನೇ ಧ್ವಜವಾಗಿ ಹಿಡಿದ ಗೇಮ್‌ಗೂ ತಗುಲಿತು. ಚೆಕ್ ದೇಶದ ವಾರ್‌ಹಾರ್ಸ್ ಸ್ಟುಡಿಯೋಸ್ 2018ರಲ್ಲಿ ಹೊರತಂದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ 1403ರ ಬೊಹೀಮಿಯಾದಲ್ಲಿ ನಡೆಯುತ್ತದೆ. ಅದರ ನಾಯಕ, ಕಮ್ಮಾರನ ಮಗ ಹೆನ್ರಿಗೆ ಕತ್ತಿ ಹಿಡಿಯಲೂ ಬರುವುದಿಲ್ಲ. ಐದು ದಿಕ್ಕುಗಳ ಬೀಸು, ನಡುವೆ ಒಂದು ಇರಿತ, ಬೇಗ ಬತ್ತುವ ಸ್ಟ್ಯಾಮಿನಾ (ದೇಹದ ಕಸುವು) ಇವುಗಳ ನಡುವೆ ಅವನೂ ಆಟಗಾರನೂ ಒಟ್ಟಿಗೆ ಕಲಿಯುತ್ತಾರೆ. ಕವಚದ ವಿಷಯದಲ್ಲಿ ಈ ಗೇಮ್ ತೋರಿಸಿದ ನಿಷ್ಠೆ ನೇರವಾಗಿ ಮೋಜಾಗಿ ಫಲಿಸಿದೆ ಎಂಬುದು ನನ್ನ ಅಭಿಪ್ರಾಯ. ಒಳಗೆ ಹತ್ತಿ ತುಂಬಿದ ಅಂಗಿ, ಅದರ ಮೇಲೆ ಕಬ್ಬಿಣದ ಬಳೆಗಳ ಕವಚ, ಅದರ ಮೇಲೆ ತಗಡಿನ ಕವಚ ಎಂಬ ಪದರಗಳು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ತಗಡಿನ ಮೇಲೆ ಕತ್ತಿ ಬೀಸಿ ಪ್ರಯೋಜನವಿಲ್ಲವೆಂದು ಅರಿತ ಆಟಗಾರ ಗದೆಯನ್ನು ಕೈಗೆತ್ತಿಕೊಳ್ಳುತ್ತಾನೆ. ಇತಿಹಾಸದ ಸತ್ಯವೊಂದು ಇಲ್ಲಿ ಆಟಗಾರನ ಮುಂದೆ ಒಂದು ಆಯ್ಕೆಯಾಗಿ ನಿಂತಿದೆ.

ಇದೇ ಗೇಮ್‌ನ ‘ಮಾಸ್ಟರ್ ಸ್ಟ್ರೈಕ್’ ಎಂಬ ಪ್ರತಿಯೇಟು ಎಡವಿದ್ದು ಎಲ್ಲಿ ಎಂಬುದು ಇನ್ನೂ ಕುತೂಹಲದ ಸಂಗತಿ. ಸರಿಯಾದ ಕ್ಷಣದಲ್ಲಿ ತಡೆದರೆ ಅದೇ ಚಲನೆಯಲ್ಲಿ ಎದುರಾಳಿಗೆ ಪೆಟ್ಟು ಬೀಳುತ್ತದೆ, ಅವನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ತಡೆಯೂ ಏಟೂ ಒಂದೇ ಬೀಸಿನಲ್ಲಿ ಕೂಡಿಬರುವ ವರಸೆಗಳು 14ನೆಯ ಶತಮಾನದ ಜರ್ಮನ್ ಗುರು ಯೋಹಾನೆಸ್ ಲೀಶ್ಟೆನಾವರ್‌ನ ಪರಂಪರೆಯಲ್ಲಿ ನಿಜಕ್ಕೂ ಇವೆ; ಹೆಸರು ಅಲ್ಲಿಂದಲೇ ಬಂದದ್ದು. ಆದರೆ ಅದೇ ಪರಂಪರೆಯ ಬೋಧನೆಯಲ್ಲಿ ಮುನ್ನುಗ್ಗುವುದಕ್ಕೆ ದೊಡ್ಡ ಸ್ಥಾನವಿದೆ: ಮೊದಲ ಏಟನ್ನು ನೀನೇ ಹಾಕಿ ಎದುರಾಳಿಯನ್ನು ರಕ್ಷಣೆಗೆ ತಳ್ಳಬೇಕು, ಅವನು ಉಸಿರು ತೆಗೆದುಕೊಳ್ಳುವ ಮುನ್ನ ಮುಂದಿನದನ್ನು ಹಾಕಬೇಕು. ಗೇಮ್‌ನಲ್ಲಿ ಶತ್ರುಗಳಿಗೂ ಮಾಸ್ಟರ್ ಸ್ಟ್ರೈಕ್ ಗೊತ್ತಿದ್ದುದರಿಂದ, ಹಾಗೆ ಮುನ್ನುಗ್ಗಿದ ಆಟಗಾರನೇ ಪೆಟ್ಟು ತಿನ್ನುತ್ತಿದ್ದ. ಕಷ್ಟಪಟ್ಟು ಕಲಿತ ಕಾಂಬೊಗಳು (ಸಾಲಾಗಿ ಹಾಕುವ ಏಟುಗಳ ಜೋಡಣೆಗಳು) ಅರ್ಧದಲ್ಲೇ ಮುರಿಯುತ್ತಿದ್ದವು. ಕೊನೆಗೆ ಕತ್ತಿ ಹಿಡಿದು ಸುಮ್ಮನೆ ನಿಲ್ಲುವುದೇ ಜಾಣತನವಾಯಿತು. ವರಸೆಯ ರೂಪ ಆ ಪರಂಪರೆಯದ್ದು, ವರಸೆಯಿಂದ ಹುಟ್ಟಿದ ತೀರ್ಮಾನ ಆ ಪರಂಪರೆಗೆ ತದ್ವಿರುದ್ಧ. 2025ರಲ್ಲಿ ಬಂದ ಈ ಗೇಮ್‌ನ ಎರಡನೆಯ ಭಾಗದಲ್ಲಿ ಈ ಪ್ರತಿಯೇಟನ್ನು ಕತ್ತಿಗೆ ಮಾತ್ರ ಸೀಮಿತಗೊಳಿಸಿ, ಬರುವ ಏಟಿನ ಎದುರು ದಿಕ್ಕಿನಿಂದಲೇ ಹಾಕಬೇಕೆಂಬ ಕಟ್ಟು ವಿಧಿಸಲಾಯಿತು. ದಿಕ್ಕುಗಳನ್ನೂ ಐದರಿಂದ ನಾಲ್ಕಕ್ಕೆ ಇಳಿಸಲಾಯಿತು. ಲೆಕ್ಕಕ್ಕೆ ನೋಡಿದರೆ ಇದು ಸರಳೀಕರಣ, ಕಾಳಗದ ನಡೆಗೆ ನೋಡಿದರೆ ಸತ್ಯಕ್ಕೆ ಒಂದು ಹೆಜ್ಜೆ ಹತ್ತಿರ.

ಈಗ ಸ್ಪರ್ಶದ ವಿಷಯಕ್ಕೆ ಮರಳಬಹುದು. ಎರಡು ಅಲಗುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಾಗ, ಎದುರಾಳಿ ಗಟ್ಟಿಯಾಗಿ ಒತ್ತುತ್ತಿದ್ದಾನೋ ಸಡಿಲ ಬಿಟ್ಟಿದ್ದಾನೋ ಎಂಬುದನ್ನು ಕೈಯ ಮೂಲಕವೇ ತಿಳಿದು, ಗಟ್ಟಿಗೆ ಸಡಿಲವಾಗಿಯೂ ಸಡಿಲಕ್ಕೆ ಗಟ್ಟಿಯಾಗಿಯೂ ಉತ್ತರಿಸುವುದು ಜರ್ಮನ್ ಪರಂಪರೆಯ ತಿರುಳು. ಪ್ಲಾಸ್ಟಿಕ್ ಕಂಟ್ರೋಲರ್‌ನ ನಡುಕದಿಂದ ಇದು ತಿಳಿಯುವುದಿಲ್ಲ. ಫ್ರಮ್‌ಸಾಫ್ಟ್‌ವೇರ್‌ನ ‘ಸೆಕಿರೊ’ (2019) ಇದಕ್ಕೆ ಬದಲಿಯಾಗಿ ಕಣ್ಣು ಮತ್ತು ಕಿವಿಗಳನ್ನು ಬಳಸಿಕೊಂಡಿತು. ಅದರಲ್ಲಿ ಉಳಿದ ಜೀವವನ್ನು ತೋರಿಸುವ ಪಟ್ಟಿಯ (ಹೆಲ್ತ್ ಬಾರ್) ಜೊತೆಗೆ ನಿಲುವಿನ ಭದ್ರತೆಯನ್ನು ತೋರಿಸುವ ಪಟ್ಟಿಯೊಂದಿದೆ. ಏಟು ತಾಗುವ ಕ್ಷಣದಲ್ಲೇ ತಡೆದರೆ ಎದುರಾಳಿಯ ನಿಲುವು ಕುಸಿಯುತ್ತ ಬರುತ್ತದೆ, ಸುಮ್ಮನೆ ಅಡ್ಡ ಹಿಡಿದರೆ ತನ್ನದೇ ಕುಸಿಯುತ್ತದೆ, ನಿಲುವು ಪೂರ್ತಿ ಮುರಿದಾಗ ಒಂದೇ ಏಟಿಗೆ ಕೊನೆ. ಸರಿಯಾದ ತಡೆಗೆ ಲೋಹದ ತೀಕ್ಷ್ಣ ನಾದ, ದೊಡ್ಡ ಕಿಡಿ. ತಪ್ಪಿದ ತಡೆಗೆ ಮಂಕು ಸದ್ದು. ಶತ್ರುವಿನ ಜೀವ ಕಡಿಮೆಯಾದಷ್ಟೂ ಅವನ ನಿಲುವು ನಿಧಾನವಾಗಿ ಚೇತರಿಸಿಕೊಳ್ಳುವುದರಿಂದ ಬಿಡುವು ಕೊಡದೆ ಒತ್ತುತ್ತಿರಬೇಕು. ಗಾಬರಿಯಲ್ಲಿ ತಡೆಯ ಬಟನ್ ಬಡಿಯುತ್ತ ಹೋದರೆ ಸರಿಯಾದ ಕ್ಷಣದ ಕಿಂಡಿಯೇ ಕಿರಿದಾಗುತ್ತದೆ. ನಿಜವಾದ ಕತ್ತಿಗಳ ಬಾಯಿಗಳನ್ನು ಹೀಗೆ ಸಾಲಾಗಿ ಒಂದಕ್ಕೊಂದು ಬಡಿದರೆ ಅವು ಗರಗಸವಾಗುತ್ತವೆ ಎಂಬುದು ನಿಜ. ಆದರೂ ಒತ್ತಡ ಯಾರ ಕಡೆಗೆ ವಾಲುತ್ತಿದೆ ಎಂಬ ಅರಿವು, ಮುನ್ನುಗ್ಗುವವನಿಗೆ ಸಿಗುವ ಲಾಭ, ಇವೆರಡನ್ನೂ ನಿಜಸಂಗತಿಗಳ ಗೊಡವೆಗೆ ಹೋಗದ ಈ ಗೇಮ್ ಬೊಹೀಮಿಯಾದ ಗೇಮ್‌ಗಿಂತ ಚೆನ್ನಾಗಿ ಹಿಡಿದಿದೆ.

ಅಲಗು ಎಲ್ಲಿ ಹಾದುಹೋಗುತ್ತದೆಯೋ ಅಲ್ಲೇ ತಾಗಬೇಕು ಎಂಬ ಭೌತಿಕ ನಿಷ್ಠೆಯೂ ತಾನಾಗಿ ನೈಜತೆಯನ್ನು ತರುವುದಿಲ್ಲ. ‘ಶಿವಲ್ರಿ: ಮೀಡಿಯೀವಲ್ ವಾರ್‌ಫೇರ್’ (2012) ಮತ್ತು ‘ಮೊರ್ಡಾವ್’ (2019) ಈ ತತ್ವವನ್ನು ಪಾಲಿಸಿದವು. ಬೀಸು ಶುರುವಾದ ಮೇಲೆ ಮೌಸ್ ತಿರುಗಿಸಿ ಏಟನ್ನು ಬೇಗ ತಾಗಿಸಬಹುದು ಅಥವಾ ಎಳೆದು ತಡಮಾಡಬಹುದು ಎಂದು ಆಟಗಾರರು ಕಂಡುಕೊಂಡಾಗ, ಉಕ್ಕಿನ ಕವಚ ತೊಟ್ಟ ಯೋಧರು ಬೆನ್ನು ತಿರುಗಿಸಿ, ಸೊಂಟ ಬಗ್ಗಿಸಿ, ಬುಗುರಿಯಂತೆ ಸುತ್ತತೊಡಗಿದರು. ಅಲಗಿನ ಲೆಕ್ಕ ಕರಾರುವಾಕ್ಕಾಗಿತ್ತು. ಬೆನ್ನುಮೂಳೆಯ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ದೇಹ ತೆರಬೇಕಾದ ಬೆಲೆಯನ್ನು ಮೌಸ್ ತೆರುವುದಿಲ್ಲವಾದ್ದರಿಂದ ಮುಂದೆ ತಿರುಗುವ ವೇಗಕ್ಕೆ ಕೃತಕವಾಗಿ ಮಿತಿ ಹಾಕುವುದು ಅನಿವಾರ್ಯವಾಯಿತು.

ತೂಕದ ಬಗ್ಗೆ ಒಂದು ಮಾತು ಸಾಕು. ಎರಡು ಕೈಗಳ ಉದ್ದ ಕತ್ತಿಗಳಲ್ಲಿ ಹೆಚ್ಚಿನವು ಒಂದೂಕಾಲರಿಂದ ಒಂದೂವರೆ ಕಿಲೋ ಆಸುಪಾಸಿನವು. ಗೇಮ್‌ಗಳಲ್ಲಿ ಅವು ಕಬ್ಬಿಣದ ತೊಲೆಗಳಂತೆ ಕಾಣುವುದು, ಏಟು ತಾಗಿದಾಗ ಕೆಲವು ಫ್ರೇಮ್‌ಗಳ ಕಾಲ ಚಿತ್ರವನ್ನು ನಿಲ್ಲಿಸುವ ಹಳೆಯ ಉಪಾಯದಿಂದ.

ಸಾವಿನ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ನೈಜತೆ ಎಂದೊಡನೆ ಹೆಚ್ಚಿನವರ ಬಾಯಿಗೆ ಬರುವುದು ಒಂದೇ ಏಟಿಗೆ ಸಾವು ಎಂಬ ಬೇಡಿಕೆಯೇ. 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಬುಷಿಡೊ ಬ್ಲೇಡ್’ ಹೆಲ್ತ್ ಬಾರನ್ನೇ ತೆಗೆದುಹಾಕಿತ್ತು. ಕತ್ತಿ ಮರ್ಮಕ್ಕೆ ತಾಗಿದರೆ ಪಂದ್ಯ ಮುಗಿಯುತ್ತಿತ್ತು, ಕಾಲಿಗೆ ತಾಗಿದರೆ ನೆಲದ ಮೇಲೆ ತೆವಳಿಕೊಂಡೇ ಹೋರಾಡಬೇಕಾಗುತ್ತಿತ್ತು. ಪಕ್ಕದಲ್ಲಿ ಗೆಳೆಯನಿರುವಾಗ, ಸೋತ ಮರುಕ್ಷಣವೇ ಇನ್ನೊಂದು ಪಂದ್ಯ ಸಿಗುವಾಗ ಇದು ಅದ್ಭುತವಾಗಿ ನಡೆಯುತ್ತದೆ. ಹತ್ತಾರು ಗಂಟೆಗಳ ಕಥೆಯುಳ್ಳ ಗೇಮ್‌ಗೆ ಅದನ್ನೇ ತಂದರೆ, ಕ್ಯಾಮೆರಾದ ಆಚೆ ನಿಂತ ಯಾರದೋ ಕೈಯಿಂದ ಆಗುವ ಸಾವು ಅನ್ಯಾಯವೆನಿಸುತ್ತದೆ. ‘ಘೋಸ್ಟ್ ಆಫ್ ಸುಶಿಮಾ’ಕ್ಕೆ 2020ರಲ್ಲೇ ಸೇರಿಸಿದ ‘ಲೀಥಲ್’ ಎಂಬ ಕಠಿಣತೆಯ ಮಟ್ಟ ಇದಕ್ಕೊಂದು ಒಳ್ಳೆಯ ನಡುದಾರಿ ಹುಡುಕಿತು: ಶತ್ರುಗಳ ಏಟು ಮಾರಕವಾಯಿತು, ನಾಯಕನ ಕತ್ತಿಯೂ ಅಷ್ಟೇ ಮಾರಕವಾಯಿತು. ಎರಡು ಕಡೆಗೂ ಸಮನಾಗಿ ಹಂಚಿದ ಅಪಾಯವನ್ನು ಆಟಗಾರರು ಸಂತೋಷದಿಂದ ಒಪ್ಪುತ್ತಾರೆ.

ಇಷ್ಟಾದರೂ ಒಂದು ತೊಡಕು ಬಗೆಹರಿಯದೆ ಉಳಿಯುತ್ತದೆ. 17ನೆಯ ಶತಮಾನದ ಪೋಲೆಂಡ್‌ನ ದ್ವಂದ್ವಯುದ್ಧಗಳನ್ನು ಆಧರಿಸಿದ ‘ಹೆಲಿಷ್ ಕ್ವಾರ್ಟ್’ ಆಡಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಅಲಗುಗಳ ಡಿಕ್ಕಿಯನ್ನು ಭೌತಿಕವಾಗಿ ಲೆಕ್ಕಹಾಕುವ ಈ ಗೇಮ್‌ನಲ್ಲಿ ಇಬ್ಬರೂ ಒಟ್ಟಿಗೆ ಬೀಸಿ ಇಬ್ಬರೂ ಸಾಯುವುದು ಅಪರೂಪವೇನಲ್ಲ. ಜೀವಭಯವಿದ್ದವನು ಅಂಥ ಬೀಸಿಗೆ ಕೈಹಾಕುವ ಮುನ್ನ ಎರಡು ಸಲ ಯೋಚಿಸುತ್ತಾನೆ; ಆಟಗಾರನಿಗೆ ಕಳೆದುಕೊಳ್ಳಲು ಒಂದು ಸುತ್ತು ಮಾತ್ರ ಇದೆ. ಕ್ರೀಡೆಯಲ್ಲೂ ಇದೇ ಪ್ರಶ್ನೆ ಬಂದು, ಬೇರೆಬೇರೆ ಉತ್ತರಗಳು ಸಿಕ್ಕಿವೆ. ಎಪೆ ಎಂಬ ಫೆನ್ಸಿಂಗ್ ಪ್ರಕಾರದಲ್ಲಿ 40ರಿಂದ 50 ಮಿಲಿಸೆಕೆಂಡ್‌ಗಳ ಒಳಗೆ ಇಬ್ಬರೂ ತಾಗಿಸಿದರೆ ಇಬ್ಬರಿಗೂ ಅಂಕ ಸಿಗುತ್ತದೆ. ಐತಿಹಾಸಿಕ ಕತ್ತಿವರಸೆಯ ಹಲವು ಪಂದ್ಯಗಳಲ್ಲಿ ಅಂಥ ಜೋಡಿ ಏಟಿಗೆ ಯಾರಿಗೂ ಅಂಕವಿಲ್ಲ, ಕೆಲವು ಕಡೆ ದಂಡವೂ ಇದೆ. ಎಪೆಯಲ್ಲಿ ಅಂಕಗಳಲ್ಲಿ ಮುಂದಿರುವವನು ಜೋಡಿ ಏಟುಗಳಿಂದಲೇ ಗೆಲುವಿನತ್ತ ಸಾಗಬಹುದು. ದಂಡವಿರುವ ಕಡೆ ಇಬ್ಬರೂ ಅದರಿಂದ ದೂರ ಸರಿಯುತ್ತಾರೆ. ತಮ್ಮದೇ ಮಾದರಿಯನ್ನು ಕಟ್ಟಲು ಹೊರಟ ಸಹಪಾಠಿಗಳು ಅನಿಮೇಷನ್‌ಗೆ ಕೈಹಾಕುವ ಮುನ್ನ, ಬರಿಯ ಎರಡು ಚೌಕಗಳನ್ನು ಪರದೆಯ ಮೇಲಿಟ್ಟು, ಜೋಡಿ ಏಟಿಗೆ ಏನು ಫಲ ಎಂಬ ನಿಯಮವೊಂದನ್ನೇ ಬದಲಿಸುತ್ತ ಕೆಲವು ಸುತ್ತು ಆಡಿ ನೋಡಬಹುದು. ಚೌಕಗಳು ಕಾಯ್ದುಕೊಳ್ಳುವ ಅಂತರ ಪ್ರತಿ ನಿಯಮಕ್ಕೂ ಬೇರೆಯಾಗುವುದು ಅಲ್ಲೇ ಕಾಣಿಸುತ್ತದೆ.