ಬಿಸಿನೀರಿನ ಮಾತಿಗೆ ಮೊದಲು ತಣ್ಣೀರಿನ ಲೆಕ್ಕ

2022ರ ಜೂನ್ ಕೊನೆಯಲ್ಲಿ ಕೊಡಗಿನ ಚೆಂಬು, ಪೆರಾಜೆ, ಸಂಪಾಜೆ ಕಡೆ ನೆಲ ಮತ್ತೆ ಮತ್ತೆ ಕಂಪಿಸಿತು. ತೀವ್ರತೆ ಹೆಚ್ಚೆಂದರೆ 3ರ ಆಸುಪಾಸು. ಆದರೆ ನೆಲದೊಳಗಿನಿಂದ ಗುಡುಗಿದಂಥ ಸದ್ದು ಕೇಳಿದವರಿಗೆ ಅಂಕಿಯಿಂದ ಸಮಾಧಾನವಾಗುವುದಿಲ್ಲ. ಆ ಮಳೆಗಾಲದಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕೊಳವೆಬಾವಿಗೆ ಜಾಗ ಗುರುತಿಸಲು ಯಾವ ತೋಟಕ್ಕೆ ಹೋದರೂ ಕಾಫಿ ಕೈಗೆ ಬರುವ ಮೊದಲೇ ಕೇಳುತ್ತಾರೆ: "ಸರ್, ನಮ್ಮ ಗುಡ್ಡದ ಅಡಿಯಲ್ಲಿ ಬೆಂಕಿ ಇದೆಯೇ? ಅದರಿಂದ ಕರೆಂಟ್ ತೆಗೆಯಬಹುದಂತಲ್ಲ?" 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂಶಾಖ ಇಂಧನಕ್ಕೆಂದೇ ರಾಷ್ಟ್ರೀಯ ನೀತಿ ಹೊರಡಿಸಿದ ಮೇಲೆ ಪ್ರಶ್ನೆಯ ಧಾಟಿ ಬದಲಾಗಿದೆ. ಮೊದಲು ಅದರಲ್ಲಿ ಅಂಜಿಕೆ ಇತ್ತು, ಈಗ ಆಸೆಯೂ ಸೇರಿಕೊಂಡಿದೆ.

ಬೆಂಕಿ ಇಲ್ಲ. ಕೊಡಗಿನ ಕಲ್ಲು ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ತಣ್ಣಗಾದ ಮುದಿ ಕಲ್ಲು. ಇಂಥ ಕಲ್ಲಿನೊಳಗೆ ಎಷ್ಟು ಬಿಸಿ ಇರುತ್ತದೆಂದು ಊಹಿಸಬೇಕಿಲ್ಲ, ಕೋಲಾರದ ಚಿನ್ನದ ಗಣಿಯನ್ನು ನೋಡಿದರೆ ಸಾಕು. ಅಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಾಗ ಬಂಡೆಯ ಬಿಸಿ 65 ಡಿಗ್ರಿಯ ಸುತ್ತಮುತ್ತ ಇತ್ತು. ಗಣಿ ಕಾರ್ಮಿಕರಿಗೆ ಅದು ನರಕ, ವಿದ್ಯುತ್ ಸ್ಥಾವರಕ್ಕೆ ಉಗುರುಬೆಚ್ಚಗಿನ ನೀರು. ಲಾಭಕ್ಕೆ ವಿದ್ಯುತ್ ತೆಗೆಯಲು ಸಾಮಾನ್ಯವಾಗಿ 100 ಡಿಗ್ರಿ ಮೀರಿದ ನೀರು ಬೇಕು, ಅದೂ ಕೈಗೆಟಕುವ ಆಳದಲ್ಲಿ. ಲಡಾಖಿನ ಪುಗಾ ಕಣಿವೆಯಲ್ಲಿ ಅಂಥದ್ದು ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ.

ಇಷ್ಟು ಹೇಳಿದರೆ, "ಹಾಗಾದರೆ ಪುತ್ತೂರಿನ ಬೆಂದ್ರು ತೀರ್ಥ?" ಎಂಬ ಅಡ್ಡಪ್ರಶ್ನೆ ಬಂದೇ ಬರುತ್ತದೆ. ಘಟ್ಟ ಇಳಿದರೆ ಇರ್ದೆಯಲ್ಲಿ ಗಂಧಕದ ವಾಸನೆಯ ಬೆಚ್ಚನೆಯ ಒರತೆ ಇರುವುದು ನಿಜ. ಅದು ಸ್ನಾನದ ನೀರಿನ ಹದದ ಬಿಸಿ, ಅಷ್ಟೇ. ಆದರೆ ಆ ಒರತೆ ಮೊದಲಿನಂತಿಲ್ಲ, ಸುತ್ತಲಿನ ತೋಟಗಳ ಕೊಳವೆಬಾವಿಗಳೇ ಇದಕ್ಕೆ ಕಾರಣ ಎಂದು ಅಲ್ಲಿನವರು ದೂರುತ್ತಾರೆ. ನನಗೆ ಮುಖ್ಯವಾದದ್ದು ಈ ದೂರು. ಬಿಸಿಯಾಗಲಿ ತಣ್ಣಗಿರಲಿ, ಒರತೆಯ ನೀರು ನೆಲದೊಳಗಿನ ಬಿರುಕುಗಳ ಗುಂಟ ಬರುತ್ತದೆ. ಆ ಬಿರುಕಿಗೆ ಇನ್ನೊಬ್ಬರು ಇನ್ನೊಂದು ಕಡೆ ಬಾಯಿ ಹಾಕಿದರೆ ನೀರಿನ ದಾರಿ ಬದಲಾಗುತ್ತದೆ.

ಭೂಶಾಖ ಇರುವ ಊರುಗಳ ಕಥೆಯೂ ಬಹುಪಾಲು ಇದೇ. ನ್ಯೂಜಿಲೆಂಡಿನ ರೋಟೊರುವಾದಲ್ಲಿ ಮನೆ, ಹೋಟೆಲುಗಳನ್ನು ಬೆಚ್ಚಗಿಡಲು ಎಲ್ಲರೂ ಬಾವಿ ಕೊರೆದರು, ಊರಿನ ಹೆಸರುವಾಸಿ ಬಿಸಿನೀರ ಚಿಲುಮೆಗಳು ಸೊರಗಿದವು. 1980ರ ದಶಕದ ಕೊನೆಯಲ್ಲಿ ಸರ್ಕಾರ ಪೊಹುಟು ಚಿಲುಮೆಯಿಂದ ಒಂದೂವರೆ ಕಿಲೋಮೀಟರ್ ಒಳಗಿನ ಬಾವಿಗಳನ್ನು ಮುಚ್ಚಿಸಿತು. ಚಿಲುಮೆಗಳು ಚೇತರಿಸಿಕೊಂಡವು. ಹೀಗೆ ತಿದ್ದಿಕೊಂಡ ಉದಾಹರಣೆಗಳು ಅಪರೂಪ.

ಜರ್ಮನಿಯ ಸ್ಟೌಫೆನ್ ಎಂಬ ಪುಟ್ಟ ಪಟ್ಟಣದ ಕಥೆಯನ್ನು ನಾನು ಬೇಕೆಂದೇ ಹೇಳುತ್ತೇನೆ, ಏಕೆಂದರೆ ಅಲ್ಲಿ ಕೊರೆದದ್ದು ಕಿಲೋಮೀಟರ್ ಆಳಕ್ಕಲ್ಲ, ನಮ್ಮ ಕೊಳವೆಬಾವಿಗಳಷ್ಟೇ ಆಳಕ್ಕೆ. 2007ರಲ್ಲಿ ಪುರಭವನವನ್ನು ನೆಲದ ಶಾಖದಿಂದ ಬೆಚ್ಚಗಿಡಲೆಂದು ಏಳು ಕಡೆ ಸುಮಾರು 140 ಮೀಟರ್ ಕೊರೆದರು. ಕೆಳಗಿದ್ದ ಅನ್‌ಹೈಡ್ರೈಟ್ ಎಂಬ ಖನಿಜದ ಪದರಕ್ಕೆ ನೀರು ತಾಗಿತು, ಅದು ಜಿಪ್ಸಮ್ ಆಗಿ ಉಬ್ಬಿತು. ನೆಲ ಮೇಲೆದ್ದು 250ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು. ಕೊಡಗಿನಲ್ಲಿ ಆ ಖನಿಜದ ಭಯವಿಲ್ಲ. ನಮ್ಮ ಭಯ ಬೇರೆ. ಕೊರೆಯುವ ಯಂತ್ರ ನಿಲ್ಲಲು ಸಮತಟ್ಟು ಜಾಗ ಬೇಕು, ಅದು ಹತ್ತಿ ಬರಲು ರಸ್ತೆ ಬೇಕು. ಎರಡಕ್ಕೂ ಗುಡ್ಡದ ಬುಡ ಕಡಿಯಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ನೆನೆದ ಮಣ್ಣು ಹೇಗೆ ಜಾರಿತೆಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊರೆತ ನೆಲವನ್ನೂ ನಡುಗಿಸಬಲ್ಲದು. 2017ರಲ್ಲಿ ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ 5.4 ತೀವ್ರತೆಯ ಭೂಕಂಪವಾಯಿತು. ಅಲ್ಲಿನ ಭೂಶಾಖ ಯೋಜನೆಗಾಗಿ ಬಂಡೆಯೊಳಗೆ ಒತ್ತಡದಿಂದ ನೀರು ತುಂಬಿದ್ದೇ ಅದನ್ನು ಕೆರಳಿಸಿತು ಎಂದು ಸರ್ಕಾರ ನೇಮಿಸಿದ್ದ ತಜ್ಞರೇ 2019ರಲ್ಲಿ ವರದಿ ಕೊಟ್ಟರು. ಚೆಂಬುವಿನಲ್ಲಿ ಅಂಥ ಕೊರೆತ ನಡೆದಿರಲಿಲ್ಲ, ಹಾಗಾಗಿ ಎರಡನ್ನೂ ಗಂಟು ಹಾಕಬೇಡಿ.

ಜನರ ಪಾಲು ಏನು? ಕೀನ್ಯಾದ ಓಲ್ಕಾರಿಯಾದಲ್ಲಿ 1981ರಿಂದ ಭೂಶಾಖದ ವಿದ್ಯುತ್ ಬರುತ್ತಿದೆ. ದೇಶಕ್ಕೆ ಅದು ಹೆಮ್ಮೆ, ಹೊಗೆಯಿಲ್ಲದ ವಿದ್ಯುತ್ ಎಂಬುದೂ ದಿಟ. ಆದರೆ ಸ್ಥಾವರ ವಿಸ್ತರಿಸಿದಾಗ ದನ ಮೇಯಿಸಿ ಬದುಕುವ ಮಾಸಾಯಿ ಕುಟುಂಬಗಳು 2014ರಲ್ಲಿ ಬೇರೆ ಜಾಗಕ್ಕೆ ಹೋಗಬೇಕಾಯಿತು. ಹೊಸ ಮನೆಗಳನ್ನು ಕಟ್ಟಿಕೊಟ್ಟರು. ಆದರೂ ವಿಶ್ವಬ್ಯಾಂಕಿನ ತನಿಖಾ ಮಂಡಳಿಗೆ ದೂರು ಹೋಯಿತು. ಮನೆ ಕೊಟ್ಟರೆ ಬದುಕು ಕೊಟ್ಟಂತೆ ಎಂದು ಭಾವಿಸುವ ಅಭ್ಯಾಸ ಕೀನ್ಯಾದ್ದಷ್ಟೇ ಅಲ್ಲ. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳಲ್ಲಿ ಒಂದು ಸಂಜೆ ಕುಳಿತರೆ ಇದು ತಿಳಿಯುತ್ತದೆ.

ಇಷ್ಟೆಲ್ಲ ಹೇಳುವ ನಾನೂ ತಪ್ಪಿತಸ್ಥನೇ. ಕೆಲವು ವರ್ಷಗಳ ಹಿಂದೆ ಒಂದು ತೋಟದ ಮೇಲುಭಾಗದಲ್ಲಿ ಕೊಳವೆಬಾವಿಗೆ ಗುರುತು ಹಾಕಿದೆ. ಒಳ್ಳೆಯ ನೀರು ಬಂತು, ಮಾಲೀಕರು ಬಾಳೆಗೊನೆ ಕಳಿಸಿದರು. ಮುಂದಿನ ಮಾರ್ಚ್‌ನಲ್ಲಿ ಕೆಳಗಿನ ಲೈನ್‌ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಗೆ, ಪೈಪಿನಲ್ಲಿ ಇಳಿಯುತ್ತಿದ್ದ ಒರತೆ ಬತ್ತಿತು. ಅಲ್ಲಿನ ಹಿರಿಯ ಹೆಂಗಸೊಬ್ಬರು, "ಮೊದಲು ಶಿವರಾತ್ರಿ ಕಳೆದರೂ ಕೊಡ ಬೇಗ ತುಂಬುತ್ತಿತ್ತು" ಎಂದರು. ಮಾಲೀಕರು, "ಆ ವರ್ಷ ಮಳೆಯೇ ಕಡಿಮೆ" ಎಂದರು. ಇಬ್ಬರ ಮಾತೂ ನಿಜವಿರಬಹುದು. ತೀರ್ಮಾನಿಸಲು ನನ್ನ ಬಳಿ ಏನೂ ಇರಲಿಲ್ಲ, ಏಕೆಂದರೆ ಕೊರೆಯುವ ಮೊದಲು ಆ ಒರತೆಯನ್ನು ಯಾರೂ ಅಳೆದಿರಲಿಲ್ಲ. ನಾನೂ ಅಳೆದಿರಲಿಲ್ಲ.

ಯೋಜನೆ ಭೂಶಾಖದ್ದಿರಲಿ, ರೆಸಾರ್ಟಿನ ಕೊಳವೆಬಾವಿಯಿರಲಿ, ಮೊದಲ ಗುದ್ದಲಿ ಬೀಳುವ ಮುನ್ನ ಅಳೆಯದ ನೀರಿನ ಬಗ್ಗೆ ಆಮೇಲೆ ಸಾಕ್ಷಿ ಹೇಳುವವರು ಸಿಗುವುದಿಲ್ಲ. ಅಳತೆಗೆ ಬೇಕಾದದ್ದು ಒಂದು ಬಕೆಟ್, ಮೊಬೈಲಿನ ಗಡಿಯಾರ, ನೂರು ಪುಟದ ನೋಟ್‌ಬುಕ್. ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಡಿಸೆಂಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ಬರೆದಿಟ್ಟರೆ ಸಾಕು. ದೇವರಕಾಡಿನೊಳಗಿನ ಒರತೆಗಳಿಂದ ಶುರುಮಾಡಿದರೆ ಇನ್ನೂ ಒಳ್ಳೆಯದು, ಅಲ್ಲಿ ಕಾಡು ಇನ್ನೂ ಉಳಿದಿದೆ.

ಈಗ ಕೆಳಗಿನ ಒರತೆಯ ಒಂದು ಬೇಸಿಗೆಯ ಲೆಕ್ಕ ತೋರಿಸದೆ ನಾನು ಯಾರ ತೋಟದಲ್ಲೂ ಗುರುತು ಹಾಕುವುದಿಲ್ಲ. ಹೋದ ವಾರ ಒಬ್ಬರು ಸಿಟ್ಟಾಗಿ ಬೇರೆಯವರನ್ನು ಕರೆಸಿಕೊಂಡರು. ಇನ್ನೊಬ್ಬರು ಗೊಣಗುತ್ತಲೇ ನೋಟ್‌ಬುಕ್ ತಂದರು. ಬರೆಯುವ ಕೆಲಸವನ್ನು ಲೈನ್‌ಮನೆಯ ಎಂಟನೇ ತರಗತಿಯ ಹುಡುಗಿಗೆ ವಹಿಸಿದ್ದಾರೆ.