ಒಂಟಿ ತೋಟೆಯ ಕೋವಿಗೆ ಮೊದಲ ಈಡೇ ಲೆಕ್ಕ

ಮಂಗಳೂರಿನ ನನ್ನ ರಿಪೇರಿ ಕೋಣೆಗೆ ಕೋವಿಗಳು ಹೆಚ್ಚಾಗಿ ಬರುವುದು ಮಳೆ ಹಿಡಿದ ಮೇಲೆ. ಚುನಾವಣೆ ನಡೆದ ವರ್ಷ ಇನ್ನೂ ಹೆಚ್ಚು. 2023ರ ಮೇ 10ರಂದು ವಿಧಾನಸಭೆಗೆ, 2024ರ ಏಪ್ರಿಲ್ 26ರಂದು ಲೋಕಸಭೆಗೆ ಇಲ್ಲಿ ಮತದಾನವಾಯಿತು. ಚುನಾವಣೆಗೆಂದು ಪೊಲೀಸ್ ಠಾಣೆಯಲ್ಲಿ ಡಿಪಾಸಿಟ್ ಇಟ್ಟ ಕೋವಿ ಬಿಡಿಸಿಕೊಂಡು ಮನೆಗೆ ತರುವಷ್ಟರಲ್ಲಿ ಮಳೆಗಾಲ ಬಾಗಿಲಿಗೆ ಬಂದಿರುತ್ತದೆ. ತಂದವರ ದೂರು ಬಹುಪಾಲು ಒಂದೇ: "ನಳಿಗೆ ಹಾಳಾಗಿದೆ ಮಾರಾಯ್ರೇ, ಮೊದಲಿನ ಹಾಗೆ ಗುರಿ ಸಿಗುವುದಿಲ್ಲ." ಬೆಳಕು ಹಿಡಿದು ನೋಡಿದರೆ ಅನೇಕ ಸಲ ನಳಿಗೆಯೊಳಗೆ ಒಂದು ಗೀರೂ ಇರುವುದಿಲ್ಲ. ತೊಂದರೆ ಮರದಲ್ಲಿರುತ್ತದೆ, ಕೀಲಿನಲ್ಲಿರುತ್ತದೆ, ಇಲ್ಲವೇ ಹಿಡಿದ ಕೈಯಲ್ಲಿರುತ್ತದೆ.

ಒಂದೇ ತೋಟೆ ಹಿಡಿಯುವ ಬೇಟೆ ರೈಫಲ್ಲಿನ ಗುರಿಯನ್ನು ಅಳೆಯುವ ಕ್ರಮವೇ ಬೇರೆ. ರೇಂಜಿನಲ್ಲಿ ಕುಳಿತು ಬೆನ್ನುಬೆನ್ನಿಗೆ ಐದು ಈಡು ಹೊಡೆದು, ತೂತುಗಳು ಎಷ್ಟು ಹತ್ತಿರ ಬಿದ್ದವು ಎಂದು ನೋಡುವುದು ಸ್ಪರ್ಧೆಯವರ ಲೆಕ್ಕ. ಇಲ್ಲಿ ಕೈಗೆ ಸಿಗುವುದು ಒಂದೇ ಈಡು, ಅದೂ ತಣ್ಣಗಿರುವ ನಳಿಗೆಯಿಂದ. ಆ ಮೊದಲ ಈಡು ಇವತ್ತು ಬಿದ್ದ ಜಾಗಕ್ಕೇ ಮುಂದಿನ ತಿಂಗಳೂ ಬೀಳುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಹಾಗಾಗಿ ಒಂದೇ ಗುರಿಕಾಗದವನ್ನು ಜೋಪಾನವಾಗಿಟ್ಟುಕೊಂಡು, ಪ್ರತಿ ಸಲ ರೇಂಜಿಗೆ ಹೋದಾಗ ಅದಕ್ಕೆ ಮೊದಲ ಈಡನ್ನು ಮಾತ್ರ ಹೊಡೆದು ತಾರೀಕು ಬರೆಯಿರಿ. ನಾಲ್ಕಾರು ತಾರೀಕು ಸೇರಿದ ಮೇಲೆ ಆ ಕಾಗದ ಹೇಳುವಷ್ಟು ನಿಜವನ್ನು ಒಂದೇ ದಿನದ ಐವತ್ತು ಈಡು ಹೇಳುವುದಿಲ್ಲ.

ಈ ಬಗೆಯ ಬಂದೂಕುಗಳ ಮೈಕಟ್ಟು ತಿಳಿದರೆ ಮರಕ್ಕೆ ಯಾಕೆ ಇಷ್ಟು ಮಹತ್ವ ಎಂಬುದು ಅರ್ಥವಾಗುತ್ತದೆ. ನಮ್ಮ ತೋಟಗಳಲ್ಲಿ ಇರುವುದು ನಡು ಮಡಚಿ ತೆರೆಯುವ 12 ಬೋರ್ ಒಂಟಿ ನಳಿಗೆ. ವಿದೇಶದ ರೈಫಲ್ಲುಗಳಲ್ಲಿ ಇನ್ನೊಂದು ಜಾತಿಯುಂಟು: ಕೆಳಗಿನ ಲಿವರ್ ಎಳೆದರೆ ಉಕ್ಕಿನ ಗಟ್ಟಿಯೊಂದು ಕೆಳಕ್ಕೆ ಜಾರಿ ನಳಿಗೆಯ ಹಿಂಬಾಯಿ ತೆರೆದುಕೊಳ್ಳುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1885, ಆಮೇಲೆ 1960ರ ದಶಕದಲ್ಲಿ ಬಂದ ರುಗರ್ ನಂಬರ್ 1 ಈ ಜಾತಿಯವು. ಬೋಲ್ಟ್, ಅಂದರೆ ಹಿಂಬಾಯಿ ಮುಚ್ಚುವ ಉಕ್ಕಿನ ಅಗುಳಿ, ಹಿಂದೆ ಮುಂದೆ ಓಡಲು ಜಾಗ ಬೇಡವಾದ್ದರಿಂದ, ಒಟ್ಟು ಉದ್ದ ಅಷ್ಟೇ ಇದ್ದರೂ ನಳಿಗೆ ಸುಮಾರು 4 ಇಂಚು ಹೆಚ್ಚು ಸಿಗುತ್ತದೆ. ಆದರೆ ಎರಡು ಜಾತಿಯಲ್ಲೂ ಮರ ಎರಡು ತುಂಡು. ಬೋಲ್ಟ್ ರೈಫಲ್ಲಿನಲ್ಲಿ ನಳಿಗೆಯನ್ನು ಮರಕ್ಕೆ ತಾಗದಂತೆ ಕೂರಿಸಬಹುದು. ಮಡಚುವ ಕೋವಿಯಲ್ಲಿ ಮುಂದಿನ ಮರವನ್ನು ಕಚ್ಚಿಸುವುದೇ ನಳಿಗೆಗೆ. ರುಗರ್‌ನಲ್ಲಿ ಅದು ಮುಂದಕ್ಕೆ ಚಾಚಿದ ಉಕ್ಕಿನ ಸರಳಿನ ಮೇಲೆ ನಿಂತು ನಳಿಗೆಯನ್ನು ಕೆಳಗಿನಿಂದ ಒತ್ತುತ್ತದೆ. ನಳಿಗೆ ಬಿಸಿಯಾದಂತೆ ಈ ಒತ್ತಡ ಬದಲಾಗಿ ತೂತುಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಸಾಲುಗಟ್ಟುತ್ತವೆ. ಕಾಗದದ ಮೇಲೆ ಇಂಥ ಲಂಬ ಸಾಲು ಕಂಡರೆ ಮೊದಲು ಗುಮಾನಿ ಪಡಬೇಕಾದದ್ದು ಮುಂದಿನ ಮರದ ಮೇಲೆ.

ಕರಾವಳಿಯಲ್ಲಿ ಬಿಸಿಗಿಂತ ತೇವವೇ ದೊಡ್ಡ ಕಾರಣ. ಮರಕ್ಕೆ ಹೊರಗಡೆ ಪಾಲಿಶ್ ಇರುತ್ತದೆ, ನಳಿಗೆ ಕೂರುವ ಒಳಮೈಗೆ ಏನೂ ಹಚ್ಚಿರುವುದಿಲ್ಲ. ಜುಲೈಯ ಗಾಳಿಯಲ್ಲಿ ಅದು ನೀರು ಹೀರಿ ಉಬ್ಬುತ್ತದೆ, ಫೆಬ್ರವರಿಯಲ್ಲಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೂರಿಸಿದ ಗುರಿ ಮಳೆಗಾಲದಲ್ಲಿ ತಪ್ಪುವುದು ಇದರಿಂದ. ಒಳಮೈಗೂ ವಾರ್ನಿಶ್ ಹಚ್ಚಿಸಿ. ಮುಂದಿನ ಮರದ ಸ್ಕ್ರೂವನ್ನು ಪ್ರತಿ ಸಲ ಅಷ್ಟೇ ಬಿಗಿ ಮಾಡಿ, ಅದರ ಗೀಟು ನಿಲ್ಲುವ ದಿಕ್ಕಿಗೆ ಒಂದು ಗುರುತು ಹಾಕಿಕೊಂಡರೆ ಸಾಕು. ಮಡಚುವ ರೈಫಲ್ಲುಗಳಲ್ಲಿ ಸ್ಕ್ರೂ ಕೂರುವಲ್ಲಿ ಮರಕ್ಕೂ ನಳಿಗೆಗೂ ನಡುವೆ ಸಣ್ಣ ರಬ್ಬರ್ ರಿಂಗ್ ಇಟ್ಟು ಒತ್ತಡವನ್ನು ಒಂದೇ ಸಮ ಮಾಡುವ ಉಪಾಯವೂ ಉಂಟು. ಇದನ್ನೆಲ್ಲ ನೋಡದೆ ಗುರಿ ನೋಡಲು ನಳಿಗೆ ತುದಿಯಲ್ಲಿರುವ ಮಣಿಯನ್ನು ಅರದಿಂದ ತಿಕ್ಕಿ ತರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತಿಕ್ಕಿದ ಲೋಹ ಮತ್ತೆ ಬೆಳೆಯುವುದಿಲ್ಲ.

ಚರೆ ತೋಟೆ ಮಾತ್ರ ಬಳಸುವವರಿಗೆ ಮರದ ಈ ಸೂಕ್ಷ್ಮ ಅಷ್ಟಾಗಿ ತಾಗದು. ಅವರು ತಿಳಿಯಬೇಕಾದದ್ದು ತಮ್ಮ ನಳಿಗೆಯ ಚೋಕ್, ಅಂದರೆ ಚರೆ ಹರಡದಂತೆ ನಳಿಗೆಯ ಬಾಯಿ ಎಷ್ಟು ಕಿರಿದಾಗಿದೆ ಎಂಬುದು. ಫುಲ್ ಚೋಕ್ ಇದ್ದರೆ 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಸುಮಾರು 70 ಶೇಕಡಾ ಚರೆ ಬೀಳುತ್ತವೆ, ಚೋಕ್ ಇಲ್ಲದ ನಳಿಗೆಯಲ್ಲಿ ಸುಮಾರು 40 ಶೇಕಡಾ. ಜೊತೆಗೆ, ಹಳೆಯ ಕೋವಿಗಳಲ್ಲಿ ತೋಟೆ ಕೂರುವ ಗೂಡು 65 ಮಿಲಿಮೀಟರ್ ತೋಟೆಗೆ ಮಾಡಿದ್ದಿರಬಹುದು. ಅದಕ್ಕೆ 70ರ ತೋಟೆ ಹಾಕಬೇಡಿ. ಒಳಗೆ ಹೋಗುತ್ತದೆ, ಬಾಗಿಲೂ ಮುಚ್ಚುತ್ತದೆ, ಆದರೆ ಸಿಡಿಯುವಾಗ ತೋಟೆಯ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಕೀಲಿನ ವಿಷಯ ಚಿಕ್ಕದು. ಒಂದೇ ಕೈಯಲ್ಲಿ ಜಾಡಿಸಿ "ಟಪ್" ಅಂತ ಮುಚ್ಚುವ ಅಭ್ಯಾಸದಿಂದ ಕೀಲು ಸವೆಯುತ್ತದೆ. ಖಾಲಿ ಕೋವಿಯ ಮುಂದಿನ ಮರ ಬಿಚ್ಚಿ, ಬಾಗಿಲು ಮುಚ್ಚಿ, ನಳಿಗೆಯನ್ನು ಅಡ್ಡಕ್ಕೆ ಅಲುಗಿಸಿ ನೋಡಿ. ಸದ್ದು ಬಂದರೆ ತಗಡಿನ ಚೂರು ತುರುಕುವ ಮನೆಮದ್ದು ಬೇಡ, ಲೈಸೆನ್ಸ್ ಇರುವ ರಿಪೇರಿಯವರಿಗೆ ಕೊಡಿ.

ಎಣ್ಣೆಯ ಬಗ್ಗೆ ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. ಉಪ್ಪುಗಾಳಿಗೆ ಹೆದರಿ ನಳಿಗೆ ತುಂಬ ಎಣ್ಣೆ ಬಳಿದಿಟ್ಟು ಹಾಗೆಯೇ ಈಡು ಹೊಡೆದರೆ, ಆ ಮೊದಲ ಈಡು ಉಳಿದವುಗಳ ಜೊತೆ ಬೀಳುವುದಿಲ್ಲ. ಹೊಡೆಯುವ ಮುಂಚೆ ಒಣಬಟ್ಟೆಯಿಂದ ಒರೆಸಲೇಬೇಕು. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಕಾರ್ಕಳ, ಸುಳ್ಯದ ಕಡೆಯ ಬೆಳಗಿನ ಚಳಿಗೆ ಫೈರಿಂಗ್ ಪಿನ್ನಿನ ಸುತ್ತ ಗಟ್ಟಿಯಾಗಿ, ಪಿನ್ನಿನ ಪೆಟ್ಟು ಸೋತು, ತೋಟೆ ಹಾರದೆ ಉಳಿಯುತ್ತದೆ.

ಹಿಡಿತಕ್ಕೆ ಬಂದರೆ, ಆಸರೆ ಕೊಡಬೇಕಾದದ್ದು ಮರಕ್ಕೆ, ನಳಿಗೆಗಲ್ಲ. ನಳಿಗೆಯನ್ನೇ ಗೋಡೆಯ ಮೇಲೋ ಕೊಂಬೆಯ ಮೇಲೋ ಇಟ್ಟು ಹೊಡೆದರೆ ಅದು ಗಟ್ಟಿ ಆಸರೆಯಿಂದ ಚಿಮ್ಮಿ ಈಡು ದಿಕ್ಕು ತಪ್ಪುತ್ತದೆ. ಮುಂದಿನ ಮರದ ಕೆಳಗೆ ಮರಳಿನ ಚೀಲ ಇಡಿ, ಪ್ರತಿ ಸಲ ಅದೇ ಜಾಗದಲ್ಲಿ. ಹಗುರ ಒಂಟಿ ನಳಿಗೆ ಭುಜಕ್ಕೆ ಬಲವಾಗಿ ಒದೆಯುವುದರಿಂದ ಎಷ್ಟೋ ಜನ ಗೊತ್ತಿಲ್ಲದೆ ಟ್ರಿಗರ್ ಎಳೆಯುವ ಮುಂಚೆಯೇ ಅದುರುತ್ತಾರೆ. ಜೊತೆಯವರು ನಿಮಗೆ ಕಾಣದಂತೆ ಒಮ್ಮೆ ಜೀವಂತ ತೋಟೆ, ಒಮ್ಮೆ ಡಮ್ಮಿ ಹಾಕಿ ಕೊಡಲಿ. ಡಮ್ಮಿಯಲ್ಲಿ ಮೂತಿ ಕುಸಿದರೆ ತಪ್ಪು ಎಲ್ಲಿದೆ ಎಂದು ನೀವೇ ಕಾಣುತ್ತೀರಿ. ಈ ಅಭ್ಯಾಸ ತೋಟದಲ್ಲಲ್ಲ, ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯಲ್ಲಿ ಅಥವಾ ಅನುಮತಿಯಿರುವ ರೇಂಜಿನಲ್ಲಿ. ಬೆಳೆ ರಕ್ಷಣೆಯ ಲೈಸೆನ್ಸ್ ಇದೆಯೆಂದರೆ ಬೇಟೆಗೆ ಪರವಾನಗಿ ಇದೆ ಎಂದಲ್ಲ. 1972ರ ವನ್ಯಜೀವಿ ಕಾಯ್ದೆಯಡಿ, ತೋಟಕ್ಕೆ ನುಗ್ಗುವ ಹಂದಿಗೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಈಡು ಹೊಡೆಯುವಂತಿಲ್ಲ.

ಮಡಚುವ ಕೋವಿಯ ದೊಡ್ಡ ಗುಣವೆಂದರೆ ತೆರೆದಿಟ್ಟರೆ ಖಾಲಿಯೆಂದು ದೂರದವರಿಗೂ ಕಾಣುತ್ತದೆ. ಬೇಲಿ ದಾಟುವಾಗ, ಸಂಕ ದಾಟುವಾಗ, ಮನೆ ಹೊಗುವಾಗ ತೋಟೆ ತೆಗೆದು ತೆರೆದೇ ಹಿಡಿಯಿರಿ. ಹ್ಯಾಮರ್ ಹೊರಗಿರುವ ಹಳೆಯ ಕೆಲವು ಕೋವಿಗಳಲ್ಲಿ ಅದು ಕೆಳಗಿಳಿದಾಗ ನೇರ ಪಿನ್ನಿನ ಮೇಲೆಯೇ ಕೂತಿರುತ್ತದೆ. ತೋಟೆಯಿದ್ದಾಗ ಕೈತಪ್ಪಿ ಬಿದ್ದರೆ ಈಡು ಹಾರಬಹುದು. ತೋಟೆ ಹಾಕುವ ಮೊದಲು ಪ್ರತಿ ಸಲವೂ ನಳಿಗೆಯೊಳಗೆ ಹಿಂದಿನಿಂದ ನೋಡಿ: ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಅದರ ಮೇಲೆ ಈಡು ಹೊಡೆದರೆ ನಳಿಗೆ ಸೀಳುತ್ತದೆ. ತೋಟೆ ಹಾರದಿದ್ದರೆ ಕೂಡಲೇ ತೆರೆಯಬೇಡಿ. ಮೂತಿಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ, ಆಮೇಲೆ ಮುಖ ಪಕ್ಕಕ್ಕಿಟ್ಟು ತೆರೆಯಿರಿ. ಹಾರದ ಆ ತೋಟೆಯನ್ನು ಮತ್ತೆ ಜೇಬಿಗೆ ಹಾಕಿಕೊಳ್ಳಬೇಡಿ, ಬೇರೆಯಾಗಿಟ್ಟು ಕೊಂಡ ಅಂಗಡಿಗೇ ತಿಳಿಸಿ.