ಮನೆಯ ಹಕ್ಕು ಬಿಟ್ಟರೂ ಸಾಲ ಬಿಡದು: ದಂಪತಿಗಳ ನಡುವಿನ ಕ್ವಿಟ್‌ಕ್ಲೇಮ್ ಡೀಡ್

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಮತ್ತು ಅಲಮೀಡಾ ಕೌಂಟಿಗಳಲ್ಲಿ ಮನೆ ಕೊಂಡ ಕನ್ನಡಿಗ ದಂಪತಿಗಳು ಒಡೆತನದ ವರ್ಗಾವಣೆ ಕುರಿತು ಸಲಹೆ ಕೇಳಲು ಬರುವಾಗ, ಅಂತರ್ಜಾಲದಿಂದ ಇಳಿಸಿಕೊಂಡ ಒಂದು ಪುಟದ ಕ್ವಿಟ್‌ಕ್ಲೇಮ್ ಡೀಡ್ ನಮೂನೆಯನ್ನು ಸಾಮಾನ್ಯವಾಗಿ ಜೊತೆಗೇ ತಂದಿರುತ್ತಾರೆ. ಹೆಸರು ತುಂಬಿ, ನೋಟರಿಯ ಮುಂದೆ ಸಹಿ ಮಾಡಿ, ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲಿಸಿದರೆ ಮನೆ ಗಂಡನಿಂದ ಹೆಂಡತಿಗೋ ಹೆಂಡತಿಯಿಂದ ಗಂಡನಿಗೋ ಹೋಗುತ್ತದೆ ಎಂಬುದು ಅವರ ತಿಳಿವಳಿಕೆ. ಅದು ತಪ್ಪಲ್ಲ, ಆದರೆ ಅಪೂರ್ಣ. ಮನೆಯ ಒಡೆತನ, ಅದರ ಮೇಲಿನ ಸಾಲ, ಅದಕ್ಕೆ ಅಂಟಿಕೊಂಡ ತೆರಿಗೆ ಈ ಮೂರನ್ನೂ ಮೂರು ಬೇರೆ ಬೇರೆ ಕಾನೂನುಗಳು ನಿಯಂತ್ರಿಸುತ್ತವೆ. ಆ ಒಂದು ಪುಟಕ್ಕೆ ಒಡೆತನವನ್ನು ಬದಲಿಸುವ ಶಕ್ತಿ ಮಾತ್ರ ಇದೆ.

ಕ್ವಿಟ್‌ಕ್ಲೇಮ್ ಡೀಡ್‌ಗೆ ಸಹಿ ಹಾಕುವವರು ‘ಈ ಆಸ್ತಿಯಲ್ಲಿ ನನಗೆ ಏನಾದರೂ ಹಕ್ಕಿದ್ದರೆ ಅದನ್ನು ಇವರಿಗೆ ಬಿಟ್ಟುಕೊಟ್ಟಿದ್ದೇನೆ’ ಎಂದಷ್ಟೇ ಹೇಳುತ್ತಾರೆ. ಹಕ್ಕು ನಿಜವಾಗಿಯೂ ಇದೆಯೇ, ಎಷ್ಟಿದೆ, ಅದರ ಮೇಲೆ ಬೇರೆಯವರ ಋಣಭಾರ ಇದೆಯೇ ಎಂಬ ಯಾವ ಭರವಸೆಯನ್ನೂ ಅವರು ಕೊಡುವುದಿಲ್ಲ. ವಾರಂಟಿ ಡೀಡ್‌ನಲ್ಲಿ ಇಂಥ ಭರವಸೆಗಳಿರುತ್ತವೆ. ಕ್ಯಾಲಿಫೋರ್ನಿಯಾದ ಗ್ರ್ಯಾಂಟ್ ಡೀಡ್‌ನಲ್ಲಿಯೂ ಈ ಹಿಂದೆ ಇನ್ನೊಬ್ಬರಿಗೆ ವರ್ಗಾಯಿಸಿಲ್ಲ, ತಾನು ಯಾವ ಋಣಭಾರವನ್ನೂ ಹೊರಿಸಿಲ್ಲ ಎಂಬ ಎರಡು ಭರವಸೆಗಳನ್ನು ಕಾನೂನೇ ಸೇರಿಸುತ್ತದೆ. ಒಂದೇ ಮನೆಯಲ್ಲಿ ಬಾಳಿದ ಗಂಡ ಹೆಂಡತಿಗೆ ಆ ಮನೆಯ ಚರಿತ್ರೆ ಗೊತ್ತಿರುವುದರಿಂದ ಭರವಸೆ ಇಲ್ಲದ ಪತ್ರವೇ ಸಾಕು ಎನ್ನುವ ವಾದವಿದೆ. ಆದರೆ ಒಬ್ಬರ ಹೆಸರಿನ ಹಳೆಯ ತೆರಿಗೆ ಬಾಕಿಯೋ ಕೋರ್ಟ್ ಡಿಕ್ರಿಯೋ ಮನೆಯ ಮೇಲೆ ಲೀನ್ (ಋಣಭಾರ) ಆಗಿ ಕುಳಿತಿರುವುದು ಇನ್ನೊಬ್ಬರಿಗೆ ತಿಳಿಯದೇ ಇರುವುದು ಅಪರೂಪವೇನಲ್ಲ. ಕೌಂಟಿ ರೆಕಾರ್ಡರ್ ಕಚೇರಿಯು ಪತ್ರದ ನಮೂನೆ ಮತ್ತು ಶುಲ್ಕವನ್ನು ನೋಡುತ್ತದೆಯೇ ಹೊರತು ಒಳಗಿನ ಹಕ್ಕನ್ನು ಪರಿಶೀಲಿಸುವುದಿಲ್ಲ. ಹಾಗಾಗಿ ಸಹಿಗೆ ಮುನ್ನ, ಒಡೆತನದ ದಾಖಲೆ ಪರಿಶೀಲಿಸಿ ವಿಮೆ ಕೊಡುವ ಟೈಟಲ್ ಕಂಪನಿಯಿಂದ ಒಂದು ವರದಿ ತರಿಸಿಕೊಳ್ಳುವುದು ವ್ಯರ್ಥ ಖರ್ಚಲ್ಲ.

ಹೆಸರು ಒಂದೇ ಆದರೂ ಪತ್ರದ ಬಲ ಎಲ್ಲ ರಾಜ್ಯಗಳಲ್ಲೂ ಒಂದೇ ಅಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಕ್ವಿಟ್‌ಕ್ಲೇಮ್ ಡೀಡ್ ಎಂಬ ಹೆಸರಿನ ಪತ್ರದಲ್ಲಿಯೇ ಸೀಮಿತ ಭರವಸೆಗಳು ಅಡಗಿವೆ. ಟೆಕ್ಸಸ್‌ನಲ್ಲಿ ತದ್ವಿರುದ್ಧ: ಅಲ್ಲಿನ ಟೈಟಲ್ ಕಂಪನಿಗಳು ಕ್ವಿಟ್‌ಕ್ಲೇಮ್ ಕಂಡರೆ ಹಿಂಜರಿಯುತ್ತವೆ, ಆದ್ದರಿಂದ ವಿಚ್ಛೇದನದ ವರ್ಗಾವಣೆಗೂ ವಕೀಲರು ಸೀಮಿತ ಭರವಸೆಯ ಸ್ಪೆಷಲ್ ವಾರಂಟಿ ಡೀಡ್ ಬರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ದಂಪತಿಗಳಿಗೆಂದೇ ಇಂಟರ್‌ಸ್ಪೌಸಲ್ ಟ್ರಾನ್ಸ್‌ಫರ್ ಡೀಡ್ ಬಳಕೆಯಲ್ಲಿದೆ, ಮತ್ತು ನಾನು ಕ್ವಿಟ್‌ಕ್ಲೇಮ್‌ಗಿಂತ ಅದನ್ನೇ ಇಷ್ಟಪಡುತ್ತೇನೆ. ಟೆಕ್ಸಸ್‌ನ ಡಾಲಸ್‌ನ ಸ್ನೇಹಿತರು ಕಳಿಸಿದ ನಮೂನೆಯನ್ನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ತುಂಬುವುದು ಜಾಣತನವಲ್ಲ.

ಇನ್ನು ಸಾಲದ ವಿಷಯ. ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಗೃಹಸಾಲ ಪಡೆಯುವಾಗ ಸಹಿ ಹಾಕಿದ ಪ್ರಾಮಿಸರಿ ನೋಟ್ ಬ್ಯಾಂಕು ಮತ್ತು ಸಾಲಗಾರರ ನಡುವಿನ ಒಪ್ಪಂದ. ಗಂಡ ತನ್ನ ಹಕ್ಕನ್ನು ಹೆಂಡತಿಗೆ ಬಿಟ್ಟುಕೊಟ್ಟರೂ ಬ್ಯಾಂಕು ಅವನನ್ನು ಬಿಟ್ಟಂತಾಗುವುದಿಲ್ಲ. ಮನೆ ಅವಳದು, ಸಾಲ ಇಬ್ಬರದು ಎಂಬ ಸ್ಥಿತಿ ಉಂಟಾಗುತ್ತದೆ. ಮುಂದೆ ಅವಳು ಎರಡು ಕಂತು ತಪ್ಪಿಸಿದರೆ ಅವನ ಕ್ರೆಡಿಟ್ ಸ್ಕೋರ್ ಬೀಳುತ್ತದೆ. ಕಂತು ತಪ್ಪದಿದ್ದರೂ ಅವನು ಬೇರೆ ಮನೆಗೆ ಸಾಲ ಕೇಳಲು ಹೋದಾಗ ಹಳೆಯ ಸಾಲವೂ ಅವನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ‘ಮನೆಯ ಸಾಲವನ್ನು ಪತ್ನಿಯೇ ತೀರಿಸತಕ್ಕದ್ದು’ ಎಂದು ವಿಚ್ಛೇದನದ ತೀರ್ಪಿನಲ್ಲಿ ಬರೆದಿದ್ದರೂ, ಆ ತೀರ್ಪು ಕಟ್ಟಿಹಾಕುವುದು ದಂಪತಿಗಳನ್ನು. ಪ್ರಕರಣದಲ್ಲಿ ಪಕ್ಷಗಾರನಲ್ಲದ ಬ್ಯಾಂಕನ್ನಲ್ಲ.

ವರ್ಗಾವಣೆ ಮಾಡಿದ ಕೂಡಲೇ ಬ್ಯಾಂಕು ಪೂರ್ತಿ ಸಾಲವನ್ನು ಒಮ್ಮೆಗೇ ಕಟ್ಟಲು ಹೇಳಬಹುದೇ ಎಂಬ ಭಯ ಕೆಲವರಿಗಿದೆ. ಸಾಲಪತ್ರದಲ್ಲಿ ಅಂಥ ಷರತ್ತು ಇರುವುದು ನಿಜ. ಆದರೆ 1982ರ ಗಾರ್ನ್–ಸೇಂಟ್ ಜರ್ಮೈನ್ ಕಾಯ್ದೆಯ ಪ್ರಕಾರ, ಐದಕ್ಕಿಂತ ಕಡಿಮೆ ಘಟಕಗಳಿರುವ ವಾಸದ ಮನೆಯಲ್ಲಿ ಸಾಲಗಾರರ ಗಂಡ ಅಥವಾ ಹೆಂಡತಿ ಒಡೆಯರಾಗುವ ವರ್ಗಾವಣೆಗೂ, ವಿಚ್ಛೇದನದ ತೀರ್ಪಿನಿಂದ ಆಗುವ ವರ್ಗಾವಣೆಗೂ ಆ ಷರತ್ತನ್ನು ಬ್ಯಾಂಕು ಚಲಾಯಿಸುವಂತಿಲ್ಲ. 2018ರಿಂದ ಜಾರಿಯಲ್ಲಿರುವ ಫೆಡರಲ್ ನಿಯಮದಂತೆ, ಹೀಗೆ ಒಡೆತನ ಪಡೆದವರು ತಮ್ಮ ಹಕ್ಕನ್ನು ದಾಖಲೆ ಸಮೇತ ತೋರಿಸಿದರೆ, ಸಾಲದ ಬಾಕಿ, ಕಂತು ಮೊದಲಾದ ವಿಷಯಗಳಲ್ಲಿ ಸಾಲ ನಿರ್ವಹಿಸುವ ಕಂಪನಿಯು ಅವರನ್ನು ಸಾಲಗಾರರಂತೆಯೇ ನಡೆಸಿಕೊಳ್ಳಬೇಕು. ಇಷ್ಟಾದರೂ ಹಳೆಯ ಸಾಲಗಾರನ ಹೊಣೆ ಇಳಿಯುವುದಿಲ್ಲ. ಅದು ಇಳಿಯಬೇಕಾದರೆ ಮನೆಯಲ್ಲಿ ಉಳಿಯುವವರ ಹೆಸರಿನಲ್ಲಿ ರಿಫೈನಾನ್ಸ್ (ಹಳೆಯದನ್ನು ತೀರಿಸುವ ಹೊಸ ಸಾಲ) ಆಗಬೇಕು, ಇಲ್ಲವೇ ಬ್ಯಾಂಕು ಒಪ್ಪಿ ಸಾಲವನ್ನು ಅವರಿಗೆ ವಹಿಸಿಕೊಟ್ಟು ಇನ್ನೊಬ್ಬರನ್ನು ಲಿಖಿತವಾಗಿ ಬಿಡುಗಡೆ ಮಾಡಬೇಕು. 2020–21ರಲ್ಲಿ ಶೇ. 3ರ ಆಸುಪಾಸಿನ ಬಡ್ಡಿಗೆ ಸಾಲ ಪಡೆದವರು ಅದರ ದುಪ್ಪಟ್ಟು ಬಡ್ಡಿಗೆ ರಿಫೈನಾನ್ಸ್ ಮಾಡಲು ಒಪ್ಪದಿರುವುದು ಸಹಜ; ಅಂಥವರು ಎರಡನೆಯ ದಾರಿಯನ್ನು ಮೊದಲು ಕೇಳಿ ನೋಡಬೇಕು. ಮನೆ ಬಿಟ್ಟುಕೊಡುವವರು ನನ್ನ ಕಕ್ಷಿದಾರರಾಗಿದ್ದರೆ, ಸಹಿಯಾದ ಪತ್ರವನ್ನು ಎಸ್ಕ್ರೋದಲ್ಲಿ, ಅಂದರೆ ಮೂರನೆಯವರ ವಶದಲ್ಲಿ, ಇರಿಸಿ, ಹೊಸ ಸಾಲ ಮಂಜೂರಾಗಿ ಹಳೆಯದು ತೀರುವ ದಿನವೇ ದಾಖಲಾಗುವಂತೆ ಒಪ್ಪಂದದಲ್ಲಿ ಬರೆಸುತ್ತೇನೆ.

ಸಂಸಾರ ಚೆನ್ನಾಗಿರುವಾಗಲೂ ಈ ಪತ್ರ ಮುಂದೆ ಬರುವ ಸಂದರ್ಭ ಒಂದಿದೆ. ಗಂಡ ಎಚ್‌-1ಬಿ ಉದ್ಯೋಗ ವೀಸಾ ಮೇಲೆ ಕೆಲಸದಲ್ಲಿದ್ದು, ಹೆಂಡತಿ ಎಚ್‌-4 ಅವಲಂಬಿತ ವೀಸಾ ಮೇಲೆ ಇದ್ದು, ಅವಳಿಗೆ ಆದಾಯವಾಗಲೀ ಕ್ರೆಡಿಟ್ ಚರಿತ್ರೆಯಾಗಲೀ ಇಲ್ಲದಿದ್ದರೆ, ಸಾಲವನ್ನು ಗಂಡನ ಹೆಸರಿನಲ್ಲಿ ಮಾತ್ರ ಮಾಡುವುದುಂಟು. ಆಗ ಒಡೆತನವೂ ಅವನೊಬ್ಬನದೇ ಎಂದು ತೋರಿಸಲು ಖರೀದಿ ಮುಗಿಯುವ ಕ್ಲೋಸಿಂಗ್ ದಿನ ದಾಖಲೆಗಳ ದಪ್ಪ ಕಟ್ಟಿನ ನಡುವೆ ಹೆಂಡತಿಯ ಸಹಿಗಾಗಿ ಒಂದು ಕ್ವಿಟ್‌ಕ್ಲೇಮ್ ಅಥವಾ ಇಂಟರ್‌ಸ್ಪೌಸಲ್ ಡೀಡ್ ಇರುತ್ತದೆ. ‘ಬ್ಯಾಂಕಿನವರು ಕೇಳುತ್ತಾರೆ, ಆಮೇಲೆ ಹೆಸರು ಸೇರಿಸೋಣ’ ಎಂಬ ಮಾತಿನ ಮೇಲೆ ಅವಳು ಸಹಿ ಹಾಕುತ್ತಾಳೆ. ಆ ‘ಆಮೇಲೆ’ ಬಹಳ ಸಲ ಬರುವುದೇ ಇಲ್ಲ. ಕ್ಯಾಲಿಫೋರ್ನಿಯಾ ಸಮುದಾಯ ಆಸ್ತಿ ಪದ್ಧತಿಯ ರಾಜ್ಯ. ಮದುವೆಯ ನಂತರದ ಗಳಿಕೆಯಿಂದ ಕೊಂಡ ಮನೆ ಯಾರ ಹೆಸರಿನಲ್ಲಿದ್ದರೂ ಮೂಲತಃ ಇಬ್ಬರದು. ಅದನ್ನು ಒಬ್ಬರ ಪ್ರತ್ಯೇಕ ಆಸ್ತಿಯಾಗಿಸಲು, ಹಕ್ಕು ಕಳೆದುಕೊಳ್ಳುವವರು ಸ್ಪಷ್ಟ ಮಾತುಗಳಲ್ಲಿ ಬರೆದುಕೊಡಬೇಕೆಂದು ಅಲ್ಲಿನ ಕೌಟುಂಬಿಕ ಸಂಹಿತೆಯ 852ನೇ ಕಲಂ ಹೇಳುತ್ತದೆ. ಗಂಡ ಹೆಂಡತಿಯರ ನಡುವೆ ವಿಶ್ವಾಸದ ಹೊಣೆ ಇದೆ ಎನ್ನುವ 721ನೇ ಕಲಂನಿಂದಾಗಿ, ವ್ಯವಹಾರದಲ್ಲಿ ಒಬ್ಬರಿಗೆ ಮಾತ್ರ ಲಾಭವಾಗಿದ್ದರೆ ಅನುಚಿತ ಪ್ರಭಾವ ಬಳಸಲಾಗಿದೆ ಎಂದು ನ್ಯಾಯಾಲಯ ಭಾವಿಸಿಕೊಂಡು ಹೊರಡುತ್ತದೆ. ಹಾಗಿಲ್ಲವೆಂದು ಸಾಬೀತುಪಡಿಸುವ ಭಾರ ಲಾಭ ಪಡೆದವರ ಮೇಲೆ ಬೀಳುತ್ತದೆ. 1995ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು ಪತ್ನಿ ಸಹಿ ಹಾಕಿದ ಕ್ವಿಟ್‌ಕ್ಲೇಮ್ ಡೀಡ್‌ನ ಪ್ರಕರಣದಲ್ಲಿಯೇ, ದಾಖಲೆಯಲ್ಲಿರುವ ಹೆಸರಿಗಿಂತ ಅನುಚಿತ ಪ್ರಭಾವದ ಈ ಊಹೆಗೆ ಹೆಚ್ಚು ಬೆಲೆ ಎಂದು ತೀರ್ಪಿತ್ತಿತು. ಆದರೆ ಈ ರಕ್ಷಣೆಯನ್ನು ನಂಬಿ ಕಣ್ಣುಮುಚ್ಚಿ ಸಹಿ ಹಾಕಬಾರದು. ಅದು ದೊರೆಯುವುದು ನ್ಯಾಯಾಲಯದಲ್ಲಿ, ವಕೀಲರ ಶುಲ್ಕ ತೆತ್ತ ಮೇಲೆ. ಹೆಸರು ಮತ್ತೆ ಸೇರಿಸುವ ಮಾತಿದ್ದರೆ ಅದನ್ನು ಅದೇ ದಿನ ಬರಹದಲ್ಲಿ ಪಡೆದುಕೊಳ್ಳುವುದಕ್ಕೆ ಅರ್ಧ ಗಂಟೆ ಸಾಕು.

ತೆರಿಗೆಯಲ್ಲಿ ಮೊದಲ ಸಮಾಧಾನದ ಸಂಗತಿ, ಫೆಡರಲ್ ಆದಾಯ ತೆರಿಗೆ ಸಂಹಿತೆಯ 1041ನೇ ಕಲಂ. ದಂಪತಿಗಳ ನಡುವಿನ ವರ್ಗಾವಣೆಯಲ್ಲಿಯೂ, ವಿಚ್ಛೇದನವಾದ ಒಂದು ವರ್ಷದೊಳಗಿನ ಅಥವಾ ವಿಚ್ಛೇದನಕ್ಕೆ ಸಂಬಂಧಪಟ್ಟ ವರ್ಗಾವಣೆಯಲ್ಲಿಯೂ ಲಾಭ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಪಡೆಯುವವರಿಗೆ ಮನೆಯ ಜೊತೆಗೆ, ಮುಂದೆ ಲಾಭ ಲೆಕ್ಕ ಹಾಕಲು, ಅದರ ಹಳೆಯ ಖರೀದಿ ಬೆಲೆಯೂ ಬರುತ್ತದೆ. ದಂಪತಿಗಳು 6 ಲಕ್ಷ ಡಾಲರ್‌ಗೆ ಕೊಂಡ ಮನೆ ಇಂದು 11 ಲಕ್ಷ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ಐದು ವರ್ಷಗಳಲ್ಲಿ ಎರಡು ವರ್ಷ ಅಲ್ಲಿ ಒಡೆಯರಾಗಿ ವಾಸವಿದ್ದು ಇಬ್ಬರೂ ಸೇರಿ ಮಾರಿದರೆ, ತಲಾ 2.5 ಲಕ್ಷದ ವಿನಾಯಿತಿಯಿಂದ 5 ಲಕ್ಷದ ಲಾಭಕ್ಕೆ ಫೆಡರಲ್ ತೆರಿಗೆಯೇ ಇಲ್ಲ. ಅದೇ ಮನೆಯನ್ನು ಗಂಡ ಕ್ವಿಟ್‌ಕ್ಲೇಮ್ ಮಾಡಿಕೊಟ್ಟು, ವಿಚ್ಛೇದನದ ನಂತರ ಹೆಂಡತಿ ಒಬ್ಬಳೇ ಮಾರಿದರೆ, 5 ಲಕ್ಷದ ಲಾಭ ಪೂರ್ತಿ ಅವಳದು, ವಿನಾಯಿತಿ ಮಾತ್ರ 2.5 ಲಕ್ಷ. ಉಳಿದ 2.5 ಲಕ್ಷಕ್ಕೆ ಶೇ. 15ರ ದರದಲ್ಲಿ ಲೆಕ್ಕ ಹಾಕಿದರೂ 37,500 ಡಾಲರ್ ಫೆಡರಲ್ ತೆರಿಗೆ, ಅದರ ಮೇಲೆ ರಾಜ್ಯದ ತೆರಿಗೆ. ಮನೆಗೆ ಬದಲಾಗಿ ನಿವೃತ್ತಿ ನಿಧಿಯಲ್ಲಿನ ತನ್ನ ಪಾಲನ್ನು ಬಿಟ್ಟುಕೊಡುವ ಹೆಂಡತಿ ಈ ಮೊತ್ತವನ್ನು ಮನೆಯ ಬೆಲೆಯಿಂದ ಕಳೆದು ಚೌಕಾಸಿಗೆ ಕೂರಬೇಕು. ಹೆಚ್ಚಿನವರು ಹಾಗೆ ಮಾಡುವುದಿಲ್ಲ.

ಭಾರತೀಯ ದಂಪತಿಗಳಿಗೆ ವಿಶೇಷವಾಗಿ ಅನ್ವಯಿಸುವ ತೊಡಕು ಪೌರತ್ವದ್ದು. ಅಮೆರಿಕದ ಪೌರರಾದ ಸಂಗಾತಿಗೆ ಎಷ್ಟು ಬೆಲೆಯ ಉಡುಗೊರೆ ಕೊಟ್ಟರೂ ಉಡುಗೊರೆ ತೆರಿಗೆ ಇಲ್ಲ. ಪಡೆಯುವವರು ಪೌರರಲ್ಲದಿದ್ದರೆ, ಗ್ರೀನ್ ಕಾರ್ಡ್ ಇದ್ದರೂ ಸರಿಯೇ, ಈ ಮಿತಿಯಿಲ್ಲದ ವಿನಾಯಿತಿ ಅನ್ವಯಿಸುವುದಿಲ್ಲ. ವರ್ಷಕ್ಕೊಂದು ಮಿತಿ ಇದೆ, 2025ರಲ್ಲಿ ಅದು 1,90,000 ಡಾಲರ್. ಮದುವೆಗೆ ಮುಂಚೆ ತಾನೊಬ್ಬನೇ ಕೊಂಡ ಮನೆಯಲ್ಲಿ ಆ ಮಿತಿಯನ್ನು ಮೀರಿದ ಬೆಲೆಯ ಪಾಲನ್ನು ಹೆಂಡತಿಗೆ ಬಿಟ್ಟುಕೊಟ್ಟ ಗಂಡ ಮರುವರ್ಷ ಏಪ್ರಿಲ್ 15ರೊಳಗೆ ಉಡುಗೊರೆ ತೆರಿಗೆಯ 709ನೇ ನಮೂನೆ ಸಲ್ಲಿಸಬೇಕು. ಅಮೆರಿಕದಲ್ಲಿ ಶಾಶ್ವತವಾಗಿ ನೆಲೆಸಿದವರಿಗೆ ಜೀವಮಾನದ ವಿನಾಯಿತಿ ದೊಡ್ಡದಾಗಿರುವುದರಿಂದ (2025ರಲ್ಲಿ 1.399 ಕೋಟಿ ಡಾಲರ್) ಹಣ ಕಟ್ಟಬೇಕಾಗಿ ಬರುವುದು ವಿರಳ. ಆದರೆ ಪೌರತ್ವವಿಲ್ಲದೆ, ಊರಿಗೆ ಮರಳುವ ಉದ್ದೇಶವನ್ನೇ ಇಟ್ಟುಕೊಂಡಿರುವವರಿಗೆ ಉಡುಗೊರೆಯ ವಿಷಯದಲ್ಲಿ ಆ ಜೀವಮಾನದ ವಿನಾಯಿತಿ ಇಲ್ಲ. ತೆರಿಗೆಯ ಗರಿಷ್ಠ ದರವೋ ಶೇ. 40. ಇಡೀ ಮನೆ ಕೊಡುವ ಬದಲು ಸಂಗಾತಿಯನ್ನು ಬದುಕುಳಿದವರಿಗೆ ಹಕ್ಕು ಸೇರುವ ಜಾಯಿಂಟ್ ಟೆನೆಂಟ್ ಆಗಿ ಸೇರಿಸಿಕೊಂಡರೆ, ಆ ಸೇರ್ಪಡೆಯನ್ನೇ ಕಾನೂನು ಉಡುಗೊರೆಯೆಂದು ಎಣಿಸುವುದಿಲ್ಲ. ಪ್ರಶ್ನೆ ಏಳುವುದು ಮುಂದೆ ಜಂಟಿ ಒಡೆತನ ಮುಗಿದು ಹಣ ಹಂಚಿಕೆಯಾಗುವಾಗ. ಇದಲ್ಲದೆ, ಪಡೆಯುವವರು ಮೈಸೂರಿಗೋ ಹುಬ್ಬಳ್ಳಿಗೋ ಮರಳಿ ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಯಾಗಿದ್ದರೆ 1041ನೇ ಕಲಂನ ರಕ್ಷಣೆಯೂ ತಪ್ಪುತ್ತದೆ, ಮತ್ತು ಮುಂದೆ ಅವರು ಮನೆ ಮಾರುವಾಗ ಕೊಳ್ಳುವವರು ಸಾಮಾನ್ಯವಾಗಿ ಬೆಲೆಯ ಶೇ. 15ರಷ್ಟನ್ನು ತಡೆಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕಾಗುತ್ತದೆ.

ಕ್ಯಾಲಿಫೋರ್ನಿಯಾದ ಆಸ್ತಿ ತೆರಿಗೆಯ ಬಗ್ಗೆ ಅಷ್ಟು ಚಿಂತೆ ಬೇಡ. 1978ರ ಪ್ರೊಪೊಸಿಷನ್ 13 ಎಂಬ ರಾಜ್ಯ ನಿಯಮದಿಂದ ಕಟ್ಟಿಹಾಕಲ್ಪಟ್ಟ ತೆರಿಗೆ ಮೌಲ್ಯ ದಂಪತಿಗಳ ನಡುವಿನ ವರ್ಗಾವಣೆಯಿಂದ ಬದಲಾಗುವುದಿಲ್ಲ. ಡೀಡ್ ಜೊತೆಗೆ ಒಡೆತನ ಬದಲಾವಣೆಯ ಪ್ರಾಥಮಿಕ ವರದಿಯಲ್ಲಿ ಸರಿಯಾದ ಚೌಕಕ್ಕೆ ಗುರುತು ಹಾಕಿದರಾಯಿತು. ಟೈಟಲ್ ವಿಮೆ ಮಾತ್ರ ಹಾಗಲ್ಲ. ಮನೆ ಕೊಳ್ಳುವಾಗ ಪಡೆದ ಪಾಲಿಸಿ ಆಗಿನ ಒಡೆಯರ ಹೆಸರಿನಲ್ಲಿ ಇರುತ್ತದೆ, ಮತ್ತು ಭರವಸೆಯಿಲ್ಲದ ಪತ್ರದ ಮೂಲಕ ಹಕ್ಕು ಕೈಬದಲಾದಾಗ ಹಳೆಯ ರಕ್ಷಣೆ ಅಲ್ಲಿಗೇ ಮುಗಿಯುವ ಸಂಭವವಿದೆ. ಕೆಲವು ಪಾಲಿಸಿಗಳು ವಿಚ್ಛೇದನದಿಂದ ಮನೆ ಪಡೆದ ಸಂಗಾತಿಗೂ ಅನ್ವಯಿಸುತ್ತವೆ. ಸಹಿಗೆ ಮುನ್ನ ಪಾಲಿಸಿಯನ್ನು ತೆರೆದು ಓದಬೇಕು.

ಪತ್ರ ಬರೆಯುವಾಗ ನಮ್ಮವರ ಹೆಸರುಗಳೇ ಒಂದು ಪ್ರಕರಣ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಮುಂದೆ ಬಂದಿರುತ್ತದೆ. ಮನೆ ಕೊಂಡಾಗ ತಂದೆಯ ಹೆಸರು ಕೊನೆಗೆ ಇದ್ದದ್ದು ಪೌರತ್ವ ಪಡೆದಾಗ ಊರಿನ ಹೆಸರಾಗಿರುತ್ತದೆ. ಹಿಂದಿನ ಡೀಡ್‌ನಲ್ಲಿ ಒಡೆಯರ ಹೆಸರು ಹೇಗಿದೆಯೋ ಹಾಗೆಯೇ ಬರೆದು, ಈಗಿನ ಹೆಸರನ್ನೂ ಪಕ್ಕದಲ್ಲಿ ಕಾಣಿಸದಿದ್ದರೆ ದಾಖಲೆಗಳ ಸರಪಳಿ ಅಲ್ಲಿ ತುಂಡಾಗುತ್ತದೆ. ಮನೆಯ ವಿಳಾಸವಷ್ಟೇ ಸಾಲದು. ಹಿಂದಿನ ಡೀಡ್‌ನಲ್ಲಿರುವ ಲಾಟ್, ಟ್ರ್ಯಾಕ್ಟ್ ಮತ್ತು ನಕ್ಷೆಯ ಪೂರ್ಣ ವಿವರಣೆಯನ್ನು ಅಕ್ಷರಶಃ ಇಳಿಸಬೇಕು.

ಸಹಿ ಹಾಕಬೇಕಾದವರು ಕರ್ನಾಟಕದಲ್ಲಿದ್ದರೆ, ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಮುಂಚಿತವಾಗಿ ಸಮಯ ಪಡೆದು, ಪ್ರತಿ ಮುದ್ರೆಗೆ 50 ಡಾಲರ್ ಕೊಟ್ಟು ನೋಟರಿ ಮಾಡಿಸುವುದು ನೇರ ದಾರಿ. ಸ್ಥಳೀಯ ನೋಟರಿಯ ಮುಂದೆ ಸಹಿ ಮಾಡಿ, ರಾಜ್ಯ ಸರ್ಕಾರದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಹೊರದೇಶಗಳಲ್ಲಿ ಒಪ್ಪಿಗೆಯಾಗುವ ದೃಢೀಕರಣ) ಪಡೆಯುವುದು ಇನ್ನೊಂದು. ಭಾರತ 2005ರಿಂದ ಅಪೊಸ್ಟಿಲ್ ಒಡಂಬಡಿಕೆಯಲ್ಲಿದೆ. ಯಾವ ದಾರಿಯಾದರೂ, ಟೈಟಲ್ ಕಂಪನಿ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಇದೇ ಪತ್ರದಲ್ಲಿ ಬೆಂಗಳೂರಿನ ಫ್ಲಾಟನ್ನೂ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. ಕರ್ನಾಟಕದಲ್ಲಿರುವ ಸ್ಥಿರಾಸ್ತಿಯ ಹಕ್ಕು ಬದಲಾಗುವುದು ಭಾರತದ ಕಾನೂನಿನಂತೆ. ಅಮೆರಿಕದ ನ್ಯಾಯಾಲಯ ದಂಪತಿಗಳಿಗೆ ‘ಬರೆದುಕೊಡಿ’ ಎಂದು ಆದೇಶಿಸಬಹುದೇ ಹೊರತು ಆ ಆದೇಶವೇ ನೋಂದಾಯಿತ ಪತ್ರವಾಗುವುದಿಲ್ಲ. ಅದಕ್ಕೆ ದಾನಪತ್ರ ಬರೆಸಿ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 123ನೇ ಕಲಂನಂತೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಪನೋಂದಣಾಧಿಕಾರಿಯ ಮುಂದೆ ನೋಂದಾಯಿಸಬೇಕು. ಇಬ್ಬರೂ ಜಂಟಿ ಒಡೆಯರಾಗಿದ್ದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವೂ ಆಗುತ್ತದೆ. ಖುದ್ದಾಗಿ ಬರಲಾಗದವರು ಅಧಿಕಾರ ಪತ್ರ ಕಳಿಸಿದರೆ, ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು.